ಹದಿನಾಲ್ಕು ವರ್ಷಗಳ ಪತ್ರಿಕಾವೃತ್ತಿಯನ್ನು ಬಿಡುವ ಮುನ್ನ

ಪ್ರಶ್ನೆ

ಹದಿನಾಲ್ಕು ವರ್ಷಗಳಿಂದ ಸುದ್ದಿಮನೆಯಲ್ಲಿದ್ದೇನೆ. ಮೊದಲ ಆರು ವರ್ಷ ವರದಿಗಾರಿಕೆ, ಆಮೇಲೆ ಡೆಸ್ಕ್, ಅಂದರೆ ಬಂದ ವರದಿಗಳನ್ನು ತಿದ್ದಿ ಪುಟಕ್ಕೆ ಸಿದ್ಧಪಡಿಸುವ ಕೆಲಸ. ಕಳೆದೆರಡು ವರ್ಷಗಳಲ್ಲಿ ನಮ್ಮ ವಿಭಾಗದ ಹನ್ನೊಂದು ಮಂದಿಯಲ್ಲಿ ಐವರು ಹೊರಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಉಳಿದವರ ಗುತ್ತಿಗೆ ವರ್ಷಕ್ಕೊಮ್ಮೆ ನವೀಕರಣವಾಗಬೇಕು, ನನ್ನದಕ್ಕೆ ಇನ್ನು ಮೂರೇ ತಿಂಗಳಿದೆ. ಅವರು ಕಳಿಸುವ ಮೊದಲು ನಾನಾಗಿಯೇ ಹೊರಡಬೇಕೇ? ಅದಕ್ಕಿಂತ ಹೆಚ್ಚಾಗಿ ಕಾಡುತ್ತಿರುವುದು ಇನ್ನೊಂದು: ಸುದ್ದಿಯ ಹೊರತು ಬೇರೇನೂ ಗೊತ್ತಿಲ್ಲದವನು ಹೊರಗೆ ಯಾವ ಕೆಲಸಕ್ಕೆ ಒದಗುತ್ತಾನೆ?

ಉತ್ತರ 1

ನಾನು ಈ ವೃತ್ತಿ ಬಿಟ್ಟು ಏಳು ವರ್ಷಗಳಾದವು. ನಿಮ್ಮ ಕೆಲಸದಲ್ಲೇ ಏನೋ ಕೊರತೆಯಿದೆ ಎಂಬ ಭಾವನೆಯನ್ನು ಮೊದಲು ಬಿಡಿ. ಪತ್ರಿಕೆಗಳನ್ನು ಸಾಕುತ್ತಿದ್ದದ್ದು ಬಹುಮಟ್ಟಿಗೆ ಜಾಹೀರಾತು. ಬಾಡಿಗೆ ಮನೆ, ಉದ್ಯೋಗ, ಹಳೆಯ ವಾಹನಗಳ ವರ್ಗೀಕೃತ ಜಾಹೀರಾತುಗಳು ಅಂತರ್ಜಾಲಕ್ಕೆ ಹೋದವು, ಅಲ್ಲಿನ ಆದಾಯದ ದೊಡ್ಡ ಪಾಲು ಗೂಗಲ್, ಫೇಸ್‌ಬುಕ್‌ಗಳಿಗೆ ಸೇರಿತು. ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಂತೆ ಅಮೆರಿಕದ ಪತ್ರಿಕೆಗಳ ಸುದ್ದಿಮನೆಗಳಲ್ಲಿ 2008ರಲ್ಲಿ ಸುಮಾರು 71,000 ಮಂದಿ ಇದ್ದರು, 2020ರ ಹೊತ್ತಿಗೆ ಸುಮಾರು 31,000 ಮಂದಿ ಉಳಿದಿದ್ದರು. ಹೋದವರೆಲ್ಲ ಬರೆಯಲು ಬಾರದವರಾಗಿದ್ದರೇ? ಅಮೆರಿಕದ ಸುದ್ದಿ ಜಾಲತಾಣ ಬಜ್‌ಫೀಡ್ ನ್ಯೂಸ್ 2021ರಲ್ಲಿ ಪತ್ರಿಕೋದ್ಯಮದ ದೊಡ್ಡ ಗೌರವವಾದ ಪುಲಿಟ್ಜರ್ ಪ್ರಶಸ್ತಿ ಪಡೆದು 2023ರಲ್ಲಿ ಮುಚ್ಚಿಹೋಯಿತು.

ಇನ್ನು, ಬೇರೇನೂ ಗೊತ್ತಿಲ್ಲ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಅಪರಿಚಿತರನ್ನು ಮಾತಿಗೆಳೆಯುವುದು, ಮುನ್ನೂರು ಪುಟಗಳ ದಾಖಲೆಯಲ್ಲಿ ಸಂಗತಿ ಅಡಗಿರುವ ಒಂದು ಪುಟವನ್ನು ಸಂಜೆಯೊಳಗೆ ಹುಡುಕುವುದು, ಖಚಿತವಾಗದ್ದನ್ನು ಎಷ್ಟೇ ಒತ್ತಡವಿದ್ದರೂ ಬರೆಯದಿರುವುದು ಎಲ್ಲರಿಗೂ ಬರುವ ವಿದ್ಯೆಗಳಲ್ಲ. ಸಂಶೋಧನಾ ಸಂಸ್ಥೆಗಳಿಗೂ ಪ್ರಕಾಶನಕ್ಕೂ ಅವು ಬೇಕು. ಆದರೆ ಅರ್ಜಿಯಲ್ಲಿ 'ಉಪಸಂಪಾದಕ' ಎಂದಷ್ಟೇ ಬರೆದರೆ ಹೊರಗಿನವರಿಗೆ ಏನೂ ತಿಳಿಯುವುದಿಲ್ಲ, ಒಂದು ದಿನದಲ್ಲಿ ನೀವು ಏನೇನು ಮಾಡುತ್ತಿದ್ದಿರಿ ಎಂಬುದನ್ನು ಬಿಡಿಸಿ ಬರೆಯಬೇಕು. ನನಗೆ ಕಷ್ಟವಾದದ್ದು ಹೊಸ ಕೆಲಸವಲ್ಲ. ಮೊದಲ ಆರು ತಿಂಗಳು, ಪುಟ ಕಟ್ಟುವ ಹೊತ್ತಾದರೆ ಕೈ ತಾನಾಗಿ ಫೋನಿನತ್ತ ಹೋಗುತ್ತಿತ್ತು, ಯಾರದೂ ಕರೆ ಇರುತ್ತಿರಲಿಲ್ಲ.

ಉತ್ತರ 2

ಹೊರಡುವುದಾದರೂ ಉಳಿಯುವುದಾದರೂ ಇಂದೇ ನಿಮ್ಮ ಬೈಲೈನ್ (ಬರೆದವರ ಹೆಸರು) ಇರುವ ಬರಹಗಳ ಪ್ರತಿಗಳನ್ನು ತೆಗೆದಿಟ್ಟುಕೊಳ್ಳಿ. 2017ರ ನವೆಂಬರ್‌ನಲ್ಲಿ ಅಮೆರಿಕದ ಡಿಎನ್‌ಎ ಇನ್ಫೋ, ಗೋಥಮಿಸ್ಟ್ ಎಂಬ ಸ್ಥಳೀಯ ಸುದ್ದಿಯ ಜಾಲತಾಣಗಳನ್ನು ಮುಚ್ಚಿದ ದಿನವೇ ಅವುಗಳ ಹಳೆಯ ವರದಿಗಳೂ ಕಾಣೆಯಾದವು. ಆಮೇಲೆ ಮತ್ತೆ ಸಿಕ್ಕವಾದರೂ ಆ ದಿನ ಕೆಲಸ ಕಳೆದುಕೊಂಡವರ ಕೈಯಲ್ಲಿ ತೋರಿಸಲು ತಮ್ಮದೇ ಬರಹವಿರಲಿಲ್ಲ.

ರಾಜೀನಾಮೆಯ ವಿಚಾರದಲ್ಲಿ ಅವಸರ ಬೇಡ. ತಾವಾಗಿ ಬಿಟ್ಟವರಿಗೆ ಪರಿಹಾರಧನ ಸಿಗದಿರುವ ಸಾಧ್ಯತೆಯೇ ಹೆಚ್ಚು, ಆದ್ದರಿಂದ ಗುತ್ತಿಗೆ ಪತ್ರವನ್ನು ಕಾರ್ಮಿಕ ಕಾನೂನು ಬಲ್ಲವರಿಗೆ ಒಮ್ಮೆ ತೋರಿಸಿ. ಹವ್ಯಾಸಿ (ಫ್ರೀಲಾನ್ಸ್) ಬರವಣಿಗೆಯನ್ನೇ ನಂಬಿ ಹೊರಡುವುದಂತೂ ಬೇಡ. ಲೇಖನ ಪ್ರಕಟವಾದ ಮೇಲೂ ಸಂಭಾವನೆಗಾಗಿ ಐದು ತಿಂಗಳು ಕಾದ ಅನುಭವ ನನ್ನದು.

ಉತ್ತರ 3

ನಾನಿನ್ನೂ ಸುದ್ದಿಮನೆಯಲ್ಲೇ ಇದ್ದೇನೆ, ಉಳಿಯುವುದನ್ನು ನಾನಾಗಿ ಆರಿಸಿಕೊಂಡಿದ್ದೇನೆ. ಅನುಭವಿಗಳು ಹೋದರೆ ಹೊಸ ವರದಿಗಾರನ ಬರಹವನ್ನು ತಿದ್ದಿ, 'ಇದನ್ನು ಯಾರು ಹೇಳಿದರು, ಆತನಿಗೆ ಹೇಗೆ ಗೊತ್ತು?' ಎಂದು ಕೇಳುವವರು ಇರುವುದಿಲ್ಲ, ಆ ನಷ್ಟ ಓದುಗರದೂ ಹೌದು. ಹಾಗೆಂದು ಮನೆ ನಡೆಯದಿದ್ದಾಗ ಉಳಿಯಿರಿ ಎಂದು ನಾನು ಹೇಳಲಾರೆ. ಒಂದು ಎಚ್ಚರಿಕೆ ಮಾತ್ರ: ನೀವು ಯಾವ ಸಂಸ್ಥೆಯ ಬಗ್ಗೆ ವರದಿ ಮಾಡುತ್ತಿದ್ದೀರೋ ಅಲ್ಲೇ ಕೆಲಸ ಹುಡುಕುವುದಾದರೆ ಅದನ್ನು ಸಂಪಾದಕರಿಗೆ ತಿಳಿಸಿ, ಆ ವಿಷಯದ ಸುದ್ದಿಯಿಂದ ದೂರವಿರಿ.

ಪ್ರಶ್ನೆ ಕೇಳಿದವರು

ಇಂದು ಬರಹಗಳನ್ನು ಉಳಿಸಿಕೊಳ್ಳಲು ಕುಳಿತೆ. ಹಳೆಯ ಟಿಪ್ಪಣಿ ಪುಸ್ತಕಗಳೂ ಸಿಕ್ಕವು. ಹೆಸರು ಹೊರಗೆಡಹುವುದಿಲ್ಲ ಎಂದು ನಾನು ಯಾರಿಗೆ ಮಾತು ಕೊಟ್ಟಿದ್ದೆನೋ ಆ ಸುದ್ದಿಮೂಲಗಳ ವಿವರಗಳೆಲ್ಲ ಅವುಗಳಲ್ಲಿವೆ. ಇವನ್ನು ಏನು ಮಾಡಲಿ?

ಉತ್ತರ 2

ಮಾತು ಕೊಟ್ಟವರು ನೀವು, ಕೆಲಸ ಬಿಟ್ಟ ಮೇಲೂ ಅದು ನಿಮ್ಮ ಮೇಲಿರುತ್ತದೆ. ಆ ಪುಸ್ತಕಗಳನ್ನು ಕಚೇರಿಯ ಮೇಜಿನಲ್ಲಿ ಬಿಟ್ಟು ಬರಬೇಡಿ. ಬಾಕಿ ಮೊಕದ್ದಮೆ ಇರುವ ವರದಿಗಳ ಟಿಪ್ಪಣಿಗಳನ್ನು ಮಾತ್ರ ವಕೀಲರನ್ನು ಕೇಳದೆ ನಾಶಮಾಡಬೇಡಿ.