ಎನ್ ಸ್ಕೇಲ್ ನಿಲ್ದಾಣಕ್ಕೆ ಬಣ್ಣದ ಗೊಂಬೆಗಳು: ಮಾಡಿ ನೋಡಿದವರು ಹೇಳಿ

ಹೊಸಬ, ಬೆಂಗಳೂರು

ಐದಡಿ ಉದ್ದ, ಎರಡೂವರೆ ಅಡಿ ಅಗಲದ ಹಲಗೆಯ ಮೇಲೆ ಎನ್ ಸ್ಕೇಲಿನ, ಅಂದರೆ ನಿಜದ ನೂರರವತ್ತನೇ ಒಂದು ಅಳತೆಯ, ಸಣ್ಣ ಮಾದರಿ ರೈಲು ನಿಲ್ದಾಣವೊಂದನ್ನು ಎರಡು ವರ್ಷಗಳಿಂದ ಕಟ್ಟುತ್ತಿದ್ದೇನೆ. ಹಳಿ, ಸಿಗ್ನಲ್, ಗೂಡ್ಸ್ ಶೆಡ್ಡು ಎಲ್ಲವೂ ಮುಗಿದಿವೆ. ಆದರೆ ಪ್ಲಾಟ್‌ಫಾರಂ ಮೇಲೆ ಒಂದು ನರಪಿಳ್ಳೆಯೂ ಇಲ್ಲದ ಕಾರಣ ಬಂದ್ ದಿನದ ನಿಲ್ದಾಣದಂತೆ ಕಾಣುತ್ತದೆ. ಮೂರು ಸಾವಿರ ರೂಪಾಯಿಯೊಳಗೆ ನಲವತ್ತು ಜನರನ್ನು ನಿಲ್ಲಿಸಬೇಕೆಂದಿದ್ದೇನೆ. ಬಣ್ಣ ಹಚ್ಚಿದವನ್ನೇ ಕೊಳ್ಳಲೋ, ಬರಿಯವನ್ನು ತಂದು ಕೈಯಾರೆ ಹಚ್ಚಲೋ? ಆರು ವರ್ಷದ ಮಗಳು ಕೈಗೆ ಸಿಕ್ಕಿದ್ದನ್ನೆಲ್ಲ ಎತ್ತಿ ಬೇರೆಡೆ ಇಡುವವಳಾದ್ದರಿಂದ, ಅಂಟು ಹಾಕುವುದು ಸರಿಯೇ ಎಂಬುದನ್ನೂ ತಿಳಿಸಿ.

ಮೀಟರ್‌ಗೇಜ್ ಮೋಹಿ

ಅಗ್ಗದ ಗೊಂಬೆಗಳ ಆಸೆಗೆ ಬಿದ್ದು ನಾನು ಕಳೆದುಕೊಂಡದ್ದನ್ನು ಪೂರ್ತಿ ಬರೆಯುತ್ತೇನೆ, ಓದಿ. ನನ್ನದು ಎಚ್‌ಓ, ಅಂದರೆ ಒಂದಕ್ಕೆ ಎಂಬತ್ತೇಳರ ಅಳತೆ. ಬಣ್ಣ ಹಚ್ಚಿದ ನೂರು ಗೊಂಬೆಗಳ ಚೀಲವನ್ನು 640 ರೂಪಾಯಿಗೆ ತರಿಸಿದೆ, ಸಾಗಣೆಗೆ 180. ಚೀಲ ಸುರಿದು ನೋಡಿದರೆ ಇದ್ದದ್ದು ಆರೇ ಭಂಗಿ. ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡು ಎಡಕ್ಕೆ ನೋಡುವ ಒಬ್ಬನೇ ಮನುಷ್ಯ ಹತ್ತೊಂಬತ್ತು ಸಲ ಬಂದಿದ್ದ. ವರ್ನಿಯರ್ ಹಿಡಿದು ಅಳೆದಾಗ ಹದಿನೇಳು ಮಿಲಿಮೀಟರಿನವರೂ ಇದ್ದರು, ಇಪ್ಪತ್ತಮೂರರವರೂ ಇದ್ದರು. ಕೆಲವರಿಗೆ ಬೂಟಿನ ಬಣ್ಣ ಮೊಣಕಾಲಿನವರೆಗೆ ಹತ್ತಿತ್ತು. ಎತ್ತರ ಸರಿಹೊಂದುವ ನಲವತ್ತಾರನ್ನು ಆರಿಸಿ, ಹಳೆಯ ಬಣ್ಣ ತೆಗೆದು, ಮೊದಲಿನಿಂದ ಹಚ್ಚಿದೆ. ಪ್ರೈಮರ್ 750, ತಲಾ 280ರ ಮೂರು ಕುಂಚಕ್ಕೆ 840, ತಲಾ 210ರ ಏಳು ಬಣ್ಣದ ಶೀಷೆಗೆ 1470, ಮ್ಯಾಟ್ ವಾರ್ನಿಶ್ ಸ್ಪ್ರೇ 690. ಒಟ್ಟು 4570.

ಇಷ್ಟಕ್ಕೇ ಮುಗಿಯಲಿಲ್ಲ. ಆಷಾಢದ ಒಂದು ಸಂಜೆ, ಹೊರಗೆ ಜಿಟಿಜಿಟಿ ಮಳೆ ಬೀಳುತ್ತಿರುವಾಗ, ಬುದ್ಧಿಯಿಲ್ಲದೆ ಬಾಲ್ಕನಿಯಲ್ಲಿ ನಿಂತು ವಾರ್ನಿಶ್ ಹೊಡೆದೆ. ಗಾಳಿಯ ತೇವ ಹಿಡಿದು ಹತ್ತೊಂಬತ್ತು ಜನ ಮೈತುಂಬ ವಿಭೂತಿ ಬಳಿದುಕೊಂಡವರಂತೆ ಬೆಳ್ಳಗಾದರು. ಉಳಿದವರು ಇಪ್ಪತ್ತೇಳು, ತಲೆಗೆ 169 ರೂಪಾಯಿ. ಆ ಹಣಕ್ಕೆ ಒಳ್ಳೆಯದನ್ನೇ ಕೊಳ್ಳಬಹುದಿತ್ತೆಂದು ನನ್ನಾಕೆ ಈಗಲೂ ಆಡಿ ತೋರಿಸುತ್ತಾಳೆ.

ನೆಕ್ಕರ್ ದಡದ ಕನ್ನಡಿಗ

ಅಗ್ಗದ್ದನ್ನು ಕೊಂಡು ಅಳುವವರ ಕಥೆ ಸಾಕಷ್ಟು ಕೇಳಿದ್ದಾಯಿತು. ನಾನು ಸ್ಟುಟ್‌ಗಾರ್ಟಿನಲ್ಲಿದ್ದೇನೆ, ಮಾದರಿ ರೈಲು ತಯಾರಿಸುವ ಮ್ಯಾರ್ಕ್ಲಿನ್ ಕಂಪನಿಯ ಊರು ಗ್ಯೋಪಿಂಗೆನ್ ಇಲ್ಲಿಗೆ ಹತ್ತಿರ, ಆದ್ದರಿಂದ ಗೊಂಬೆಗಳಿಗೆ ನನಗೆ ಬರವಿಲ್ಲ. ಪ್ರೈಜರ್ ಕಂಪನಿಯ ಬಣ್ಣ ಹಚ್ಚದ ಪೆಟ್ಟಿಗೆ ತಂದು, ಅಚ್ಚಿನ ಜಿಡ್ಡು ಹೋಗುವಂತೆ ಸೋಪಿನ ನೀರಿನಲ್ಲಿ ತೊಳೆದು ಹಚ್ಚಿದರೆ ಅದರ ಸಮಕ್ಕೆ ಬೇರೆ ಯಾವುದೂ ಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ತೊಡಕಿರುವುದು ಒಂದೇ: ಹೆಂಗಸರೆಲ್ಲ ಮೊಣಕಾಲುದ್ದದ ಲಂಗದವರು. ಅವರನ್ನು ನಮ್ಮೂರಿನ ಪ್ಲಾಟ್‌ಫಾರಮ್ಮಿಗೆ ಕರೆತರಲು ನಾನು ಟಿಶ್ಯೂ ಕಾಗದದ ಒಂದೇ ಪದರವನ್ನು ಬಿಡಿಸಿಕೊಂಡು, ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ, ಚಿಮಟದ ತುದಿಯಿಂದ ಒಬ್ಬೊಬ್ಬಳಿಗೂ ಸೀರೆ ಉಡಿಸಿದೆ. ನೀರು ಒಂದು ಹನಿ ಹೆಚ್ಚಾದರೆ ಕಾಗದ ಅಂಬಲಿಯಾಗುತ್ತದೆ, ಕಡಿಮೆಯಾದರೆ ನೆರಿಗೆ ನಿಲ್ಲದೆ ಸೆಟೆದುಕೊಳ್ಳುತ್ತದೆ. ಮೂವತ್ತನಾಲ್ಕು ಸೀರೆಗೆ ಐದು ತಿಂಗಳು ಹಿಡಿಯಿತು. ಎರಡಂಗುಲದ ಅಂಚು ಎಚ್‌ಓ ಅಳತೆಯಲ್ಲಿ ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚು, ಅಷ್ಟೇ. ಅದನ್ನು ಉಸಿರು ಬಿಗಿಹಿಡಿದು ಎಳೆಯಬೇಕು.

ಕಣ್ಣು ಬರೆಯಲೇಬೇಡಿ. ಹ್ಯಾಂಬರ್ಗಿನ ಮಾದರಿ ರೈಲುಗಳ ದೊಡ್ಡ ಪ್ರದರ್ಶನವಾದ ಮಿನಿಯಾಟೂರ್ ವುಂಡರ್‌ಲಾಂಡಿನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಗೊಂಬೆಗಳಿವೆ. ಅಲ್ಲಿ ಇಡೀ ದಿನ ನಿಂತು ನೋಡಿದ ನನ್ನ ಗಮನಕ್ಕೆ ಬಂದದ್ದು ಅವುಗಳ ನಿಲುವು ಮತ್ತು ಗುಂಪುಗೂಡುವ ರೀತಿಯೇ ಹೊರತು ಒಂದು ಕಣ್ಣೂ ಅಲ್ಲ.

ಗ್ಯಾಂಗ್‌ಮನ್ ಮಗ

ಸೀರೆಯ ಅಂಚನ್ನು ಅಳೆಯುವವರು ಮೊದಲು ತಮ್ಮ ಹಳಿಯನ್ನು ಅಳೆದುಕೊಳ್ಳಲಿ. ನಮ್ಮ ಬ್ರಾಡ್‌ಗೇಜಿನಲ್ಲಿ ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಬ್ಬ ಆಳಿನ ಎತ್ತರ. ಎಚ್‌ಓ ಅಳತೆಗೆ ಇಳಿಸಿದರೆ ಅದು 19.3 ಮಿಲಿಮೀಟರ್ ಆಗಬೇಕು. ಅಂಗಡಿಯಲ್ಲಿ ಸಿಗುವ ಹಳಿ ವಿದೇಶದ ಸ್ಟ್ಯಾಂಡರ್ಡ್ ಗೇಜಿನ ಲೆಕ್ಕದ 16.5. ಗೊಂಬೆಯಿಲ್ಲದಿದ್ದಾಗ ಈ ಮೋಸ ಯಾರಿಗೂ ಕಾಣುವುದಿಲ್ಲ. ನಾನು ಏಳು ವರ್ಷ ನೆಮ್ಮದಿಯಿಂದಿದ್ದವನು, ನಮ್ಮಪ್ಪನ ನೆನಪಿಗೆಂದು ಸುತ್ತಿಗೆ ಹಿಡಿದ ಇಪ್ಪತ್ತು ಮಿಲಿಮೀಟರಿನ ಒಬ್ಬ ಗ್ಯಾಂಗ್‌ಮನ್ನನ್ನು ಹಳಿಯ ಪಕ್ಕ ನಿಲ್ಲಿಸಿದೆ. ಆ ಕ್ಷಣದಿಂದ ನನ್ನ ಬ್ರಾಡ್‌ಗೇಜು ಮಕ್ಕಳ ಪಾರ್ಕಿನ ರೈಲಾಯಿತು. ಹದಿನಾಲ್ಕು ಅಡಿ ಹಳಿಯನ್ನು ಕಿತ್ತು, ಸ್ಲೀಪರುಗಳನ್ನು ಒಂದೊಂದಾಗಿ ಕತ್ತರಿಸಿ ಕೈಯಿಂದಲೇ ಹೊಸ ಹಳಿ ಹಾಸಿದೆ; ಎಂಜಿನ್ನಿನ ಚಕ್ರಗಳನ್ನು ಅಗಲಿಸಲು ಹೋಗಿ ಎರಡು ಅಚ್ಚುಗಳನ್ನು ಮುರಿದೆ. ಖರ್ಚು ಹನ್ನೊಂದು ಸಾವಿರ ದಾಟಿದ ಮೇಲೆ ಬರೆದಿಡುವುದನ್ನೇ ಬಿಟ್ಟೆ. ಇದಕ್ಕೆಲ್ಲ ಕಾರಣ ಒಂದೇ ಒಂದು ಗೊಂಬೆ.

ನೆಕ್ಕರ್ ದಡದ ಕನ್ನಡಿಗ

ತಮ್ಮ ತಂದೆಯವರ ಬಗ್ಗೆ ಗೌರವವಿದೆ. ಆದರೆ ಕೇಳಿದವರು ಗೊಂಬೆಯ ಬಗ್ಗೆ ಕೇಳಿದ್ದಾರೆ, ಹಳಿ ಕೀಳುವ ಬಗ್ಗೆ ಅಲ್ಲ.

ಗ್ಯಾಂಗ್‌ಮನ್ ಮಗ

ಗೊಂಬೆಯ ಬಗ್ಗೆಯೇ ಹೇಳಿದ್ದು. ಅರ್ಥವಾಗದಿದ್ದರೆ ಜರ್ಮನ್ ಭಾಷೆಯಲ್ಲಿ ಬರೆಯಲು ನನಗೆ ಬರುವುದಿಲ್ಲ.

ಗಸಗಸೆ

ಜಗಳ ಅತ್ತ ಇರಲಿ. ನನ್ನದು ಹಳಿಗಳ ನಡುವೆ ಒಂದೇ ಮೀಟರ್ ಅಂತರವಿದ್ದ ಮೀಟರ್‌ಗೇಜ್ ಕಾಲದ ಮದ್ದೂರು ನಿಲ್ದಾಣ, ಹನ್ನೆರಡು ಮಿಲಿಮೀಟರಿನ ಹಳಿ. ಅಲ್ಲಿ ವಡೆ ಮಾರುವವನಿಲ್ಲದಿದ್ದರೆ ಅದು ಮದ್ದೂರು ಹೇಗಾದೀತು? ಬುಟ್ಟಿಯನ್ನು ಎಂ-ಸೀಲಿನಿಂದ ಮಾಡಿ, ಬೆತ್ತದ ಹೆಣಿಗೆ ಕಾಣುವಂತೆ ಸೂಜಿಯಿಂದ ಗೀರಿದೆ. ವಡೆಗೆ ಏನು ಮಾಡುವುದೆಂದು ಮೂರು ವಾರ ಯೋಚಿಸಿದೆ. ಕೊನೆಗೆ ಅಡುಗೆಮನೆಯಲ್ಲಿ ಪಾಯಸಕ್ಕೆಂದು ತೆಗೆದಿಟ್ಟಿದ್ದ ಗಸಗಸೆ ಕಣ್ಣಿಗೆ ಬಿತ್ತು. ಒಂದು ಕಾಳು ಒಂದು ಮಿಲಿಮೀಟರಿಗೆ ಕೊಂಚ ಕಡಿಮೆ, ಎಂಬತ್ತೇಳರಿಂದ ಗುಣಿಸಿದರೆ ಎಂಟು ಸೆಂಟಿಮೀಟರಿನಷ್ಟು, ಅಂದರೆ ಅಪ್ಪಟ ಮದ್ದೂರು ವಡೆ! ಇಪ್ಪತ್ತೆರಡು ಕಾಳುಗಳನ್ನು ಚಪ್ಪಟೆ ಮಾಡಿ, ಕಂದು ಬಣ್ಣ ಹಚ್ಚಿ ಬುಟ್ಟಿಯಲ್ಲಿ ಜೋಡಿಸಿದೆ. ಮರುದಿನ ಬೆಳಿಗ್ಗೆ ನೋಡಿದರೆ ಇರುವೆಗಳು ಸಾಲುಗಟ್ಟಿ ಬಂದು ಹದಿನೈದನ್ನು ಹೊತ್ತೊಯ್ದಿದ್ದವು, ಎರಡನ್ನು ಒಂದನೇ ಪ್ಲಾಟ್‌ಫಾರಂ ಮೇಲೆಯೇ ಬಿಟ್ಟುಹೋಗಿದ್ದವು. ಎರಡನೆಯ ಸಲ ವಾರ್ನಿಶ್ ಹಾಕಿ ಮುಚ್ಚಿದ ಮೇಲೆ ನಾಲ್ಕು ವರ್ಷದಿಂದ ಅಲುಗಿಲ್ಲ.

ಮೀಟರ್‌ಗೇಜ್ ಮೋಹಿ

ಚೆನ್ನಾಗಿದೆ, ಆದರೆ ತಾವು ಹಿಂದೊಮ್ಮೆ ತೋರಿಸಿದ ಚಿತ್ರದಲ್ಲಿ ಅದೇ ವಡೆಯವನ ಪಕ್ಕ ನಿಂತ ಹುಡುಗನ ಕೈಯಲ್ಲಿ ಮೊಬೈಲ್ ಫೋನಿತ್ತು, ಹಿಂದೆ ವೈಪಿ ಉಗಿ ಎಂಜಿನ್ ಹೊಗೆ ಬಿಡುತ್ತಿತ್ತು. ಯಾವ ಕಾಲದ ಮದ್ದೂರು ಅದು?

ಗಸಗಸೆ

ಅದು ಫೋನಲ್ಲ, ಟ್ರಾನ್ಸಿಸ್ಟರ್ ರೇಡಿಯೋ. ವಿಭೂತಿ ಬಳಿದ ಹತ್ತೊಂಬತ್ತು ಜನರನ್ನು ಸಾಕುತ್ತಿರುವವರು ಬೇರೆಯವರ ಪ್ಲಾಟ್‌ಫಾರಂ ತಪಾಸಣೆಗೆ ಬರುವುದು ಬೇಡ.

ರಾಳಪ್ರಿಯ

ಈ ಕಾಲದಲ್ಲಿಯೂ ಲಂಗದ ಮೇಲೆ ಕಾಗದ ಸುತ್ತುವವರನ್ನು ಕಂಡು ಆಶ್ಚರ್ಯವಾಗುತ್ತದೆ. ಸೀರೆ, ಪಂಚೆ, ಕೆಂಪಂಗಿಯ ಕೂಲಿ, ಎಲ್ಲವನ್ನೂ ನಾನು ಮನೆಯ ರೆಸಿನ್ ಪ್ರಿಂಟರಿನಲ್ಲೇ, ಅಂದರೆ ದ್ರವ ರಾಳವನ್ನು ಗಟ್ಟಿಮಾಡಿ ಗೊಂಬೆ ರೂಪಿಸುವ ಯಂತ್ರದಲ್ಲೇ, ಮುದ್ರಿಸುತ್ತೇನೆ. ಹಾಗೆಂದು ಸುಲಭವೆನ್ನಲಾರೆ. ಮೊದಲ ಲೀಟರ್ ರೆಸಿನ್ನಿನಲ್ಲಿ ಅರ್ಧಕ್ಕರ್ಧ ಹಾಳಾಯಿತು. ಆಧಾರದ ಕಡ್ಡಿಗಳನ್ನು ಕತ್ತರಿಸುವಾಗ ಕಣಕಾಲುಗಳೇ ಕಳಚಿ ಬಂದವು, ಮೂಟೆ ಹೊತ್ತ ಹನ್ನೆರಡು ಕೂಲಿಗಳಲ್ಲಿ ಎರಡು ಕಾಲಿನ ಮೇಲೆ ನಿಂತವರು ಐವರು. ಕೈಗವಸಿಲ್ಲದೆ ಒಮ್ಮೆ ಹಸಿ ರೆಸಿನ್ ಮುಟ್ಟಿದ್ದಕ್ಕೆ ಬೆರಳ ಸಂದಿಯಲ್ಲಿ ಎದ್ದ ತುರಿಕೆ ಒಂದು ತಿಂಗಳು ಬಿಡಲಿಲ್ಲ. ಮಕ್ಕಳಿರುವ ಮನೆಯಲ್ಲಿ ಅದನ್ನು ಬೀಗ ಹಾಕಿಯೇ ಇಡಬೇಕು.

ನೆಕ್ಕರ್ ದಡದ ಕನ್ನಡಿಗ

ಹನ್ನೆರಡರಲ್ಲಿ ಏಳು ಜನ ಕುಂಟರು, ಕೈತುಂಬ ತುರಿಕೆ. ನನ್ನ ಕಾಗದವೇ ವಾಸಿ.

ಹೊಸಬ, ಬೆಂಗಳೂರು

ಎಲ್ಲರಿಗೂ ವಂದನೆಗಳು. ನನ್ನದು ಎನ್ ಸ್ಕೇಲ್ ಎಂಬುದನ್ನು ಮತ್ತೊಮ್ಮೆ ನೆನಪಿಸುತ್ತೇನೆ. ಒಂದಕ್ಕೆ ನೂರರವತ್ತರ ಈ ಅಳತೆಯಲ್ಲಿ ಆಳಿನ ಎತ್ತರವೇ ಹನ್ನೊಂದು ಮಿಲಿಮೀಟರ್ ದಾಟುವುದಿಲ್ಲ. ಅಂಟಿನ ವಿಷಯ ಯಾರೂ ಹೇಳಲಿಲ್ಲ.

ಮೀಟರ್‌ಗೇಜ್ ಮೋಹಿ

ಅಂಟೇ? ಸೂಪರ್ ಗ್ಲೂ ಹಾಕಿ ಸ್ಟೇಷನ್ ಮಾಸ್ಟರನ್ನು ಕಿಟಕಿಯ ಹಿಂದೆ ಕೂರಿಸಿ, ಮಾಡು ಮುಚ್ಚಿ ಮಲಗಿದೆ. ಬೆಳಗಾಗುವುದರೊಳಗೆ ಅದರ ಆವಿ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಕೂತು ನಾಲ್ಕೂ ಕಿಟಕಿ ಮಂಜು ಹಿಡಿದಂತಾಗಿದ್ದವು. ಒಳಗೆ ಕೂತವರು ಯಾರೆಂದು ಇಂದಿಗೂ ತಿಳಿಯುವುದಿಲ್ಲ. ಅಂದಿನಿಂದ ಕಾಲಡಿಗೆ ಸಾಸಿವೆಯಷ್ಟು ಮೇಣ ಒತ್ತಿ ನಿಲ್ಲಿಸುತ್ತೇನೆ.

ಗ್ಯಾಂಗ್‌ಮನ್ ಮಗ

ನಮ್ಮ ಬೇಸಿಗೆಯಲ್ಲಿ ಮೇಣ ಮೆತ್ತಗಾಗಿ ಗೊಂಬೆಗಳು ವಾಲುತ್ತವೆ. ಕಾಲಿಗೆ ಸಣ್ಣ ತೂತು ಕೊರೆದು ತಂತಿ ಚುಚ್ಚುವುದೇ ಸರಿ.

ಮೀಟರ್‌ಗೇಜ್ ಮೋಹಿ

ಹನ್ನೊಂದು ಮಿಲಿಮೀಟರಿನವನ ಕಾಲಿಗೆ ತೂತು ಕೊರೆದು ತೋರಿಸಿ, ನೋಡೋಣ. ಮಗು ಕಿತ್ತಾಗ ಬೆರಳಿಗೆ ಚುಚ್ಚಿದರೆ ಯಾರು ಹೊಣೆ?

ಹೊಸಬ, ಬೆಂಗಳೂರು

ಹಾಗಾದರೆ ಮೇಣವನ್ನೇ ಪರೀಕ್ಷಿಸುತ್ತೇನೆ. ಮಗಳಿಗೆ ವಡೆಯ ಕಥೆ ಓದಿ ಹೇಳಿದೆ. ಈಗ ಅವಳಿಗೂ ಒಬ್ಬ ವಡೆಯವನು ಬೇಕಂತೆ. ಆದರೆ ನನ್ನ ಅಳತೆಯಲ್ಲಿ ಗಸಗಸೆ ಕಾಳು ಹದಿನೈದು ಸೆಂಟಿಮೀಟರಿನ ರೊಟ್ಟಿಯಾಗುತ್ತದೆ.

ಗಸಗಸೆ

ಚಿರೋಟಿ ರವೆ ತೆಗೆದುಕೊಳ್ಳಿ. ಬಾಣಲೆಯಲ್ಲಿ ಕೆಂಪಗೆ ಹುರಿದರೆ ಬಣ್ಣವನ್ನೂ ಹಚ್ಚಬೇಕಾಗಿಲ್ಲ.

ಗ್ಯಾಂಗ್‌ಮನ್ ಮಗ

ರವೆಗೆ ಹುಳು ಬೀಳುತ್ತದೆ.