ಪುಟ್ಟನ 28 ಸೆಕೆಂಡಿನ ವಿಡಿಯೋ

ನಮ್ಮನೆ ವಾಟ್ಸಾಪ್ ಗುಂಪಿನ ಹೆಸರು ‘ಹೊಂಡದ ಸರ್ಕಲ್ ಮನೆ’. ದಾವಣಗೆರೆಲಿದ್ದ ಆ ಮನೆ ಮಾರಿ ಎಷ್ಟೋ ವರ್ಷ ಆಯ್ತು, ಗುಂಪು ಮಾತ್ರ ಉಳ್ಕೊಂಡಿದೆ. ಬೆಳಗ್ಗೆ ಹೂವಿನ ಫೋಟೋ, ಮಧ್ಯಾಹ್ನ ಯಾರದೋ ಗೃಹಪ್ರವೇಶದ ಕಾರ್ಡು, ರಾತ್ರಿ ಮಂಡಿನೋವಿಗೆ ಮದ್ದು, ಇಷ್ಟೇ ಇರೋದು. ಮೊನ್ನೆ ಭಾನುವಾರ ಸಣ್ಣಣ್ಣನ ಮಗ ಪುಟ್ಟನ ಬ್ಯಾಸ್ಕೆಟ್‌ಬಾಲ್ ವಿಡಿಯೋ ಬಂತು ನೋಡಿ, ಅವಾಗ ಹತ್ತಿದ ಜಗಳ ರಾತ್ರಿ ಊಟದವರೆಗೂ ಆರ್ಲಿಲ್ಲ. ಕೈಮುಗಿಯೋ ಸ್ಟಿಕ್ಕರ್ ಎಲ್ಲ ತೆಗೆದು ಉಳಿದಿದ್ದನ್ನ ಹಂಗೇ ಹಾಕ್ತಿದೀನಿ. ಹೆಸರುಗಳು ನನ್ನ ಫೋನಲ್ಲಿ ಸೇವ್ ಆಗಿರೋ ಹಂಗೆ.

ದೊಡ್ಡಣ್ಣ: [ವಿಡಿಯೋ 0:28]

ದೊಡ್ಡಣ್ಣ: ನಿನ್ನೆ ಮ್ಯಾಚಲ್ಲಿ ನಮ್ ಪುಟ್ಟ 🔥🔥 15 ವರ್ಷಕ್ಕೇ 6 ಅಡಿ 1 ಇಂಚು. ಎಲ್ರೂ ನಿಮ್ ನಿಮ್ ಸ್ಟೇಟಸ್‌ಗೆ ಹಾಕ್ರಿ. ದೊಡ್ಡ ಸ್ಟಾರ್ ಆಗ್ತಾನೆ ಬರ್ದಿಟ್ಕೊಳ್ರಿ

ಹರಿಹರ ಮಾವ: ಭಲೇ ಮರಿ. ನಿಮ್ಮಪ್ಪನ ಕಡೆ ಇಷ್ಟುದ್ದ ಯಾರೂ ಇರ್ಲಿಲ್ಲ. ಇದು ನಮ್ಮ ಕಡೆ ಎತ್ತರ

ಅತ್ತಿಗೆ: ಸ್ಟೇಟಸ್ ಎಲ್ಲ ಬೇಡ ಭಾವಾರೇ ದೃಷ್ಟಿ ಆಗುತ್ತೆ

ದೊಡ್ಡಣ್ಣ: ಬೆಂಗ್ಳೂರಲ್ಲಿ ಒಂದು ಅಕಾಡೆಮಿ ಐತಂತೆ ವಿಡಿಯೋ ಕಳಿಸಿದ್ರೆ ಸಾಕಂತೆ ತಗೋತಾರಂತೆ. ಈ ಜೂನಿಗೇ ಸೇರ್ಸಿಬಿಡಾಣ. ದುಡ್ಡು ನಾನ್ ಹಾಕ್ತೀನಿ

ಸಣ್ಣಣ್ಣ: ಅಣ್ಣ ಜೂನಿಂದ ಅವನು ಎಸ್ಸೆಸ್ಸೆಲ್ಸಿ

ದೊಡ್ಡಣ್ಣ: ಎಸ್ಸೆಸ್ಸೆಲ್ಸಿ ಎಲ್ಲಿಗೂ ಓಡೋಗಲ್ಲ. ಎತ್ತರ ಎಲ್ರಿಗೂ ಬರಲ್ಲ

ನಾನು: ಅಣ್ಣ ವಿಡಿಯೋ ಮೂರು ಸಲ ನೋಡ್ದೆ. ನಾಲ್ಕು ಬಾಸ್ಕೆಟ್ ಐತೆ, ನಾಲ್ಕೂ ಬಲಗಡೆಯಿಂದ. 11ನೇ ಸೆಕೆಂಡಲ್ಲಿ ನಿಲ್ಸಿ ನೋಡು, ಆ ನೀಲಿ ಬನಿಯನ್ ಹುಡುಗ ಪೂರ್ತಿ ಬಲಕ್ಕೆ ಬಂದು ನಿಂತವನೆ, ಎಡಗಡೆ ಬೆಳಗಿನ ಜಾವದ ಪಿ.ಬಿ. ರಸ್ತೆ ಇದ್ದಂಗೆ ಖಾಲಿ, ಆದ್ರೂ ನಮ್ಮವನು ಅವನನ್ನ ಸುತ್ತಾಕ್ಕೊಂಡು ಬಲಕ್ಕೇ ಹೋಗ್ತಾನೆ. ಎತ್ತರ ಇದ್ದಿದ್ದಕ್ಕೆ ಬಾಲ್ ಬಿತ್ತು ಅಷ್ಟೆ. ನೀಲಿಯವನು ಇವನ ಭುಜಕ್ಕೂ ಬರಲ್ಲ

ದೊಡ್ಡಣ್ಣ: ಬಿತ್ತಲ್ಲ! ಬಿದ್ದ ಮೇಲೆ ಎಡ ಏನು ಬಲ ಏನು

ನಾನು: ಇನ್ನೊಂದು. ನಾಲ್ಕನೇದು ಬಿದ್ದ ಮೇಲೆ ಕೊನೇ ಮೂರು ಸೆಕೆಂಡ್ ನೋಡು. ಪುಟ್ಟ ಕೈ ಎತ್ಕೊಂಡು ನಿನ್ನ ಫೋನ್ ಕಡೆ ನಗ್ತಾ ನಿಂತವನೆ, ಅವನ ಬೆನ್ನ ಹಿಂದೆ ಅದೇ ನೀಲಿ ಹುಡುಗ ಬಾಲ್ ತಗೊಂಡು ಆ ಕಡೆ ರಿಂಗಿಗೆ ಓಡ್ತಾವನೆ. ವಿಡಿಯೋ ಅಲ್ಲಿಗೇ ಕಟ್. ಆಮೇಲೆ ಏನಾಯ್ತು ಹೇಳು

(ಇಪ್ಪತ್ತು ನಿಮಿಷ ಯಾರೂ ಮಾತಾಡ್ಲಿಲ್ಲ. ನೀಲಿ ಟಿಕ್ ಮಾತ್ರ ಬಂದಿತ್ತು.)

ಪುಟ್ಟ: ಅವನು ಹಾಕ್ದ ಅತ್ತೆ

ಪುಟ್ಟ: 2 ಪಾಯಿಂಟಲ್ಲಿ ಸೋತ್ವಿ

ದೊಡ್ಡಣ್ಣ: ನೀನ್ಯಾಕೋ ಫೋನ್ ಹಿಡ್ಕಂಡಿದೀಯ ಓದ್ಕೋ ಹೋಗು

ಬೆಂಗಳೂರು ಭಾವ: (ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ) ಶಾಲೆಯ ತಂಡದಿಂದ ಹೊರದಬ್ಬಿಸಿಕೊಂಡ ಹುಡುಗ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತ. ಆ ಹುಡುಗನೇ ಮೈಕೆಲ್ ಜೋರ್ಡನ್!! ಸೋಲೇ ಗೆಲುವಿನ ಮೆಟ್ಟಿಲು 🙏 10 ಜನಕ್ಕೆ ಕಳಿಸಿ

ನಾನು: ಭಾವ ಅದು ಪೂರ್ತಿ ನಿಜ ಅಲ್ರೀ. ಲೇನಿ ಹೈಸ್ಕೂಲಲ್ಲಿ ಅವನನ್ನ ಹೊರಗೆ ದಬ್ಬಲಿಲ್ಲ, ದೊಡ್ಡ ಹುಡುಗರ ಟೀಮಿಗೆ ತಗೊಳ್ದೆ ಜೂನಿಯರ್ ಟೀಮಲ್ಲಿ ಇಟ್ರು. ಬೇಜಾರಂತೂ ಆಗಿತ್ತು ಅವನಿಗೆ. ಆದ್ರೆ ಲಾಭ ನೋಡ್ರಿ, ದೊಡ್ಡೋರ ಟೀಮಲ್ಲಿ ನೀರು ಬಾಟ್ಲಿ ಹಿಡ್ಕೊಂಡು ಬೆಂಚಲ್ಲಿ ಕೂರೋ ಬದ್ಲು ಜೂನಿಯರಲ್ಲಿ ಮ್ಯಾಚ್ ಪೂರ್ತಿ ಬಾಲ್ ಅವನ ಕೈಲೇ. ಹುಡುಗ ಬೆಳೆಯೋದು ಆಡೋ ಹೊತ್ತಲ್ಲಿ. ಈಗ ಆ ಅಕಾಡೆಮಿಗೆ ಹೋಗಿ ಮೂವತ್ತು ಹುಡುಗರಲ್ಲಿ ಇಪ್ಪತ್ತೊಂಬತ್ತನೇಯವನಾಗಿ ಗೋಡೆಗೆ ಒರಗಿ ಕೂತ್ರೆ ಏನು ಬಂತು

ಬೆಂಗಳೂರು ಭಾವ: ಸರಿ ಜೋರ್ಡನ್ ಬಿಡಿ. ಯಾನಿಸ್ ತಗೊಳ್ಳಿ. ಅಥೆನ್ಸಿನ ಬೀದಿಲಿ ವಾಚು ಕೂಲಿಂಗ್ ಗ್ಲಾಸ್ ಮಾರ್ತಿದ್ದ ಹುಡುಗ, ಅಮೆರಿಕಾದ ಎನ್‌ಬಿಎ ಲೀಗಲ್ಲಿ ಟೀಮುಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸ್ಕೊಳ್ತವಲ್ಲ, ಆ 2013ರ ಡ್ರಾಫ್ಟಲ್ಲಿ 15ನೇಯವನಾಗಿ ಮಿಲ್ವಾಕಿ ಬಕ್ಸ್ ಟೀಮು ತಗೊಂತು. ಆಮೇಲೆ 2019, 2020 ಎರಡು ಸಲ ಎಂವಿಪಿ ಅಂದ್ರೆ ಸೀಸನ್ನಿನ ಬೆಸ್ಟ್ ಆಟಗಾರ, 2021ರಲ್ಲಿ ಚಾಂಪಿಯನ್. ಎತ್ತರ ನೋಡೇ ತಗೊಂಡಿದ್ದು. ದೊಡ್ಡವರು ಹೇಳ್ತಿರೋದು ಅದೇ ಅಲ್ವಾ

ನಾನು: ಅದೇ ಯಾನಿಸ್ ಮೊದಲನೇ ಸೀಸನ್ನಲ್ಲಿ ಮ್ಯಾಚಿಗೆ ಸರಾಸರಿ 6.8 ಪಾಯಿಂಟ್ ಹೊಡ್ದಿದ್ದು ಭಾವ. ಏಳೂ ಇಲ್ಲ. ಅವತ್ತು ಯಾರಾದ್ರೂ ಅವನದು 28 ಸೆಕೆಂಡ್ ವಿಡಿಯೋ ಮಾಡಿದ್ರೆ ಸ್ಟೇಟಸ್‌ಗೆ ಹಾಕೋಕೂ ಆಗ್ತಿರ್ಲಿಲ್ಲ. ಅದೇ 2013ರಲ್ಲಿ ಒಂದನೇ ನಂಬರಲ್ಲಿ ಹೋದವನು ಯಾರು ಅಂತ ಹುಡುಕಿ ನೋಡಿ, ಆಂಥನಿ ಬೆನೆಟ್, ನಾಲ್ಕು ಸೀಸನ್ನಿಗೆ ಅವನ ಎನ್‌ಬಿಎ ಮುಗೀತು

ಹರಿಹರ ಮಾವ: ಆ ಫಾರಿನ್ನೋರ ಸುದ್ದಿ ಬಿಡ್ರವಾ. ಪಂಜಾಬಿನ ಹುಡುಗ ಹೋಗಿಲ್ಲೇನು, ಸತ್ನಾಮ್ ಸಿಂಗ್. ಏಳಡಿ ಮ್ಯಾಲೆ ಇದಾನ. ಎತ್ತರ ನೋಡಿ ಕರ್ಕೊಂಡು ಹೋದ್ರು ಅಮೆರಿಕಾಕ್ಕೆ

ನಾನು: ಹೋದ ಮಾವ. 7 ಅಡಿ 2 ಇಂಚು. ಹದಿನಾಲ್ಕಕ್ಕೇ ಫ್ಲಾರಿಡಾಕ್ಕೆ ಕರ್ಕೊಂಡು ಹೋದ್ರು, 2015ರಲ್ಲಿ ಡಲ್ಲಾಸ್ ಟೀಮು 52ನೇ ನಂಬರಲ್ಲಿ ತಗೊಂತು, ಭಾರತದಲ್ಲಿ ಹುಟ್ಟಿ ಡ್ರಾಫ್ಟ್ ಆದ ಮೊದಲನೇಯವನು, ಅಷ್ಟಕ್ಕೆ ಅವನಿಗೆ ನನ್ನ ದೊಡ್ಡ ನಮಸ್ಕಾರ. ಆದ್ರೆ ಎನ್‌ಬಿಎ ಮ್ಯಾಚ್ ಒಂದೂ ಆಡೋಕೆ ಸಿಗ್ಲಿಲ್ಲ. ಅಲ್ಲಿ ಎತ್ತರ ಅನ್ನೋದು ಗೇಟ್ ಪಾಸ್ ಅಷ್ಟೆ, ಒಳಗೆ ಹೋದ್ಮೇಲೆ ಎಲ್ರೂ ಉದ್ದನೇ ಇರ್ತಾರೆ. ಆಮೇಲೆ ಅವನು ಅಮೆರಿಕಾದಲ್ಲೇ ಕುಸ್ತಿ ಶೋಗೆ ಸೇರ್ಕೊಂಡ

ಹರಿಹರ ಮಾವ: ಕುಸ್ತಿ ಕಲಿಯಾಕ ಅಮೆರಿಕಾಕ್ಕೆ ಯಾಕ ಹೋದ? ದಾವಣಗೆರಿಗೆ ಬಂದಿದ್ರ ಆಗ್ತಿತ್ತಲ್ಲ 😂

ಅವ್ವ: [ಧ್ವನಿ ಸಂದೇಶ 0:07]

(ಬರೀ ಟಿವಿ ಸೌಂಡು.)

ಅತ್ತಿಗೆ: ಅದೆಲ್ಲ ಇರ್ಲಿ. ನೋಡಮ್ಮ ನಿನ್ನತ್ರ ಕೇಳ್ಬೇಕು ಅಂತಿದ್ದೆ, ಪುಟ್ಟನಿಗೆ ಮಂಡಿ ಚಿಪ್ಪಿನ ಕೆಳಗೆ ಗಂಟು ತರ ಬಂದೈತೆ, ಮುಟ್ಟಿದ್ರೆ ಉರಿ ಅಂತಾನೆ. ಮೆಟ್ಟಿಲು ಇಳಿವಾಗ ಗೋಡೆ ಹಿಡ್ಕೋತಾನೆ. ಎಣ್ಣೆ ಹಚ್ಚಿ ತಿಕ್ತಿದೀನಿ

ನಾನು: ಅತ್ತಿಗೆ ತಿಕ್ಕಬೇಡಿ, ಐಸ್ ಇಡಿ. ನನಗೂ ಇದೇ ಆಗಿತ್ತು. ಮೂಳೆ ಸರಸರ ಉದ್ದ ಬೆಳೆಯೋ ವಯಸ್ಸು, ತೊಡೆ ಮುಂದಿನ ಸ್ನಾಯು ಬಂದು ಮಂಡಿ ಕೆಳಗಿನ ಮೂಳೆಗೆ ಕಚ್ಕೊಳ್ಳೋ ಜಾಗ ಇನ್ನೂ ಗಟ್ಟಿ ಆಗಿರಲ್ಲ, ಹಾರಿದಾಗೆಲ್ಲ ಅದೇ ಜಾಗನ ಜಗ್ಗುತ್ತೆ. ಹಾರೋದು ಕಡಿಮೆ ಮಾಡಿದ್ರೆ ಸಾಮಾನ್ಯವಾಗಿ ವಾಸಿ ಆಗುತ್ತೆ, ಆದ್ರೂ ಒಂದ್ಸಲ ಮೂಳೆ ಡಾಕ್ಟರಿಗೆ ತೋರ್ಸಿ. ಹೋದ ವಾರ ಎಷ್ಟು ಮ್ಯಾಚ್ ಆಡ್ದ?

ಸಣ್ಣಣ್ಣ: ಶನಿವಾರ ಎರಡು. ಭಾನುವಾರ ಮೂರು. ಅಣ್ಣ ಚಿತ್ರದುರ್ಗಕ್ಕೂ ಕರ್ಕೊಂಡು ಹೋಗಿದ್ದ

ನಾನು: ಸಿಮೆಂಟ್ ಕೋರ್ಟಲ್ಲಿ ಎರಡು ದಿನಕ್ಕೆ ಐದು ಮ್ಯಾಚು???

ದೊಡ್ಡಣ್ಣ: ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡಣ್ಣ: ನಂಗೇನ್ ಗೊತ್ತು ಮಂಡಿ ನೋವು ಅಂತ. ಅವನೇ ಹೇಳ್ಲಿಲ್ಲ. ನೀನೇನು ಮಹಾ ಎನ್‌ಬಿಎ ಆಡಿದೋಳ ತರ ಮಾತಾಡ್ತೀಯ. ಹುಡುಗ ಏನೋ ಚೆನ್ನಾಗಿ ಆಡ್ತಾನೆ ಅಂತ ಖುಷಿಪಟ್ರೆ ಬೆಳಗ್ಗಿಂದ ಬರೀ ತಪ್ಪೇ ಹುಡುಕ್ತಿದೀಯ

(ಇದಕ್ಕೆ ನಾನು ಉತ್ತರ ಬರೆಯೋಕೆ ಅರ್ಧ ಗಂಟೆ ತಗೊಂಡೆ. ಒಲೆ ಮೇಲಿನ ಹಾಲು ಉಕ್ಕಿ ಹೋಯ್ತು, ಅದು ಬೇರೆ ಸುದ್ದಿ.)

ನಾನು: ಅಣ್ಣ ನಾನು ಎನ್‌ಬಿಎ ಆಡ್ಲಿಲ್ಲ, ಯೂನಿವರ್ಸಿಟಿಗೆ ಆಡ್ದೆ ಅಷ್ಟೆ, ಅದೂ ಎರಡೇ ವರ್ಷ. ನಮ್ಮ ಕಾಲೇಜಲ್ಲಿ ಇದ್ದಿದ್ದು ಒಂದೇ ರಿಂಗು, ಅದೂ ಮುಂದಕ್ಕೆ ಬಾಗಿತ್ತು, ಆ ಬಾಗಿದ ರಿಂಗಿಗೆ ಹಾಕಿ ಹಾಕಿ ಅಭ್ಯಾಸ ಆಗಿ ಹೊರಗಡೆ ಮ್ಯಾಚಿಗೆ ಹೋದಾಗ ನೆಟ್ಟಗಿರೋ ರಿಂಗಲ್ಲಿ ನನ್ನ ಬಾಲೆಲ್ಲ ಗಿಡ್ಡ ಬೀಳೋವು. ಆಗ ನಮ್ಮ ಸೀನಿಯರ್ ಅಕ್ಕ ಒಬ್ರು ಹೇಳಿದ್ರು, ನಿನ್ನ ಶಾಟ್ ಮುರಿದು ಕಟ್ಟಬೇಕು, ಒಂದು ತಿಂಗಳು ಟೀಮಲ್ಲಿ ಎಲ್ರಿಗಿಂತ ಕೆಟ್ಟದಾಗಿ ಆಡ್ತೀಯ, ತಡ್ಕೋತೀಯಾ ಅಂತ. ನಾನು ತಡ್ಕೊಳ್ಲಿಲ್ಲ. ಸೆಲೆಕ್ಷನ್ ಹತ್ರ ಇತ್ತು ಅಂತ ಹಳೇದರಲ್ಲೇ ಆಡ್ದೆ, ಅಲ್ಲಿಗೇ ನಿಂತೆ. ಸ್ಟೀಫನ್ ಕರ್ರಿ ಗೊತ್ತಲ್ಲ ಪುಟ್ಟನ ರೂಮ್ ಗೋಡೆ ಮೇಲೆ ಇದಾನಲ್ಲ ಅವನು, ಹೈಸ್ಕೂಲಲ್ಲಿ ಇದ್ದಾಗ ಬಾಲನ್ನ ಸೊಂಟದ ಹತ್ರದಿಂದ ಎಸೀತಿದ್ದ, ಚೆನ್ನಾಗೇ ಬೀಳ್ತಿತ್ತು, ಅವರಪ್ಪ ಡೆಲ್ ಕರ್ರಿನೂ ಎನ್‌ಬಿಎ ಆಟಗಾರ, ದೊಡ್ಡ ಹುಡುಗರು ಮುಂದೆ ನಿಂತ್ರೆ ಇದು ನಡೆಯಲ್ಲ ತಲೆ ಮೇಲಿಂದ ಬಿಡೋದು ಕಲಿ ಅಂತ ಒಂದು ಬೇಸಿಗೆ ಪೂರ್ತಿ ಕೂತ್ಕೊಂಡು ಬದಲಾಯಿಸಿದ, ವಾರಗಟ್ಟಲೆ ಆ ಹುಡುಗನ ಕೈಲಿ ದೂರದಿಂದ ಒಂದು ಬಾಲ್ ಹಾಕೋಕೂ ಆಗ್ಲಿಲ್ಲ, ಅಳ್ತಿದ್ನಂತೆ. ಅವನನ್ನೂ 2009ರಲ್ಲಿ ತಗೊಂಡಿದ್ದು ಏಳನೇಯವನಾಗಿ, ಸಣಕಲ ಅಂತ ಬೇರೆ ಅಂದ್ರು. ಯಾನಿಸ್‌ದೂ ಅದೇ ಕಥೆ, ಫೌಲ್ ಆದಾಗ ಯಾರೂ ಅಡ್ಡ ಇಲ್ದೆ ಗೆರೆ ಹಿಂದೆ ನಿಂತು ಹಾಕೋ ಫ್ರೀ ಥ್ರೋಗೆ ನಿಂತ್ರೆ ಎದುರು ಊರಿನ ಜನ ಒಂದು ಎರಡು ಮೂರು ಅಂತ ಜೋರಾಗಿ ಎಣಿಸೋರು, ಹತ್ತು ಸೆಕೆಂಡೊಳಗೆ ಹಾಕ್ಬೇಕು ಇವನು ದಾಟ್ತಾನೆ ಅಂತ ಗೇಲಿ, 2021ರ ಫೈನಲ್ ಆರನೇ ಮ್ಯಾಚಲ್ಲಿ ಅದೇ ಮನುಷ್ಯ 19ಕ್ಕೆ 17 ಹಾಕಿ ಒಟ್ಟು 50 ಪಾಯಿಂಟ್ ಹೊಡ್ದ. ನಾನು ಹೇಳ್ತಿರೋದು ಇಷ್ಟೇ ಅಣ್ಣ, ಪುಟ್ಟನ್ನ ಒಂದು ವರ್ಷ ಕೆಟ್ಟದಾಗಿ ಆಡೋಕೆ ಬಿಡು. ಎಡಗೈಲಿ ಹೋಗ್ಲಿ, ಬಾಲ್ ಕಳ್ಕೊಳ್ಲಿ, ಸೋಲ್ಲಿ. ನೀನು ಪ್ರತಿ ಮ್ಯಾಚಿಗೂ ಫೋನ್ ಹಿಡ್ಕೊಂಡು ನಿಂತ್ರೆ ಅವನು ಯಾವಾಗ್ಲೂ ಬಲಕ್ಕೇ ಹೋಗ್ತಾನೆ, ಯಾಕಂದ್ರೆ ಬಲಕ್ಕೆ ಹೋದ್ರೆ ವಿಡಿಯೋ ಚೆನ್ನಾಗಿ ಬರುತ್ತೆ

ಬೆಂಗಳೂರು ಭಾವ: 👏

ಅತ್ತಿಗೆ: ಇಷ್ಟುದ್ದ ಯಾವಾಗ ಟೈಪ್ ಮಾಡಿದ್ಯಮ್ಮ

ನಾನು: ಮತ್ತೆ ಅಣ್ಣ, ನೀವು ಯಾರೂ ನನ್ನ ಒಂದು ಮ್ಯಾಚೂ ನೋಡೋಕೆ ಬರ್ಲಿಲ್ಲ. ಅದನ್ನೂ ಇಲ್ಲೇ ಹೇಳ್ಬಿಡ್ತೀನಿ

ದೊಡ್ಡಣ್ಣ: ನಿನ್ನ ಮೊದಲನೇ ಶೂ ಯಾರು ಕೊಡ್ಸಿದ್ದು

(ಇವನೇ. ಎಪಿಎಂಸಿಲಿ ದಲಾಲಿ ಅಂಗಡಿ ಸೇರಿದ ಮೊದಲನೇ ವರ್ಷ. ಬಿಳೀ ಶೂ, ನೀಲಿ ಗೆರೆ, ಒಂದು ಸೈಜ್ ದೊಡ್ಡದು, ಮುಂದೆ ಹತ್ತಿ ತುಂಬಿ ಹಾಕ್ಕೋತಿದ್ದೆ. ನಾನು ಏನೂ ಬರೀಲಿಲ್ಲ.)

ದೊಡ್ಡಣ್ಣ: ಅಂಗಡಿ ಬಿಟ್ಟು ಬರೋಕೆ ಆಗ್ತಿರ್ಲಿಲ್ಲ ಆಗ. ಇವನದಾದ್ರೂ ನೋಡಾಣ ಅಂತ ಹೋಗ್ತೀನಿ

ಸಣ್ಣಣ್ಣ: ಅಕಾಡೆಮಿ ವಿಷ್ಯ ಏನ್ ಮಾಡಾಣ ಹೇಳ್ರಿ ಈಗ

ನಾನು: ಬೇಡ ಅಂತಿಲ್ಲ. ನಮ್ ದೇಶದ ಆಟಗಾರ ಪ್ರಿನ್ಸ್‌ಪಾಲ್ ಸಿಂಗ್ ಇಲ್ವಾ, ಅವನು ಎನ್‌ಬಿಎಯವರ ಅಕಾಡೆಮಿಲೇ ತಯಾರಾದವನು. ಹೋಗ್ಲಿ, ಎಸ್ಸೆಸ್ಸೆಲ್ಸಿ ಮುಗಿಸಿ ಹೋಗ್ಲಿ. ಬರೀ ವಿಡಿಯೋ ನೋಡಿ ತಗೊಳ್ಳೋ ಕಡೆ ಬೇಡ, ಅವನನ್ನ ಆಡ್ಸಿ ನೋಡಿ ತಗೊಳ್ಳೋ ಕಡೆಗೆ. ಈ ರಜದಲ್ಲಿ ಬೇಕಾದ್ರೆ ಭಾವ ಅವ್ರ ಮನೇಲಿ ಹದಿನೈದು ದಿನ ಇರ್ಲಿ, ಅಲ್ಲಿ ಇವನಿಗಿಂತ ಉದ್ದ ಇರೋ ಹುಡುಗರ ಜತೆ ಆಡಿ ಚೆನ್ನಾಗಿ ಸೋತು ಬರ್ಲಿ

ಬೆಂಗಳೂರು ಭಾವ: ಕಳಿಸಿ, ನಾನೇ ಕರ್ಕೊಂಡು ಹೋಗ್ತೀನಿ. ಬರೋವಾಗ ಬೆಣ್ಣೆ ತರ್ಲಿ, ಇಲ್ಲಿ ಬೆಣ್ಣೆದೋಸೆ ಅಂತ ಬೋರ್ಡ್ ಹಾಕ್ಕೊಂಡು ಏನೇನೋ ಕೊಡ್ತಾರೆ

ದೊಡ್ಡಣ್ಣ: ನೋಡು ತಂಗಿ ನಮ್ ವ್ಯಾಪಾರದಲ್ಲೂ ಇದೇ. ಹಸಿ ಮೆಕ್ಕೆಜೋಳ ತಂದು ತೂಗಿದ್ರೆ ಭಾರಿ ತೂಕ ಬರುತ್ತೆ. ಒಣಗಿಸಿ ತಾ ಅಂದ್ರೆ ರೈತ ಒಪ್ಪಲ್ಲ, ಇವತ್ತಿನ ತೂಕ ಹೋಗುತ್ತೆ ಅಂತಾನೆ. ಒಪ್ಪದೆ ಹಂಗೇ ಚೀಲ ಕಟ್ಟಿಟ್ರೆ ಬೂಸ್ಟು ಹಿಡಿಯುತ್ತೆ. ನೀನು ಹೇಳಿದ್ದು ನಂಗೆ ಅರ್ಥ ಆಯ್ತು. ಆದ್ರೆ ಒಂದು ವರ್ಷ ಜಾಸ್ತಿ ಆಯ್ತು. ಆರು ತಿಂಗಳು

ನಾನು: ಜಿಲ್ಲಾ ಸ್ಟೇಡಿಯಂಗೆ ಬೆಳಗ್ಗೆ ಆರಕ್ಕೆ ಬರ್ಲಿ, ನಾನೂ ವಾಕಿಂಗ್ ಬಿಟ್ಟು ಬರ್ತೀನಿ. ಮಂಡಿ ವಾಸಿ ಆಗೋವರೆಗೂ ಹಾರೋದು ಇಲ್ಲ. ನಿಂತಲ್ಲೇ ಎಡಗೈಲಿ ಡ್ರಿಬಲ್, ಫ್ರೀ ಥ್ರೋ, ಆಮೇಲೆ ನಡ್ಕೊಂಡು ಹೆಜ್ಜೆ ಅಭ್ಯಾಸ. ಎಡಗಡೆ ಲೇಅಪ್‌ಗೆ, ಅಂದ್ರೆ ರಿಂಗಿನ ಹತ್ರಕ್ಕೇ ಹೋಗಿ ಹಾಕೋದಕ್ಕೆ, ಎಡಗಾಲು ಬಲಗಾಲು ಅಂತ ಇಡ್ಬೇಕು, ಅವನು ಎರಡೂ ಕಡೆ ಒಂದೇ ತರ ಇಡ್ತಾನೆ

ಅವ್ವ: [ಧ್ವನಿ ಸಂದೇಶ 0:19]

(‘ಆರು ಗಂಟೀಗೆ ಹುಡುಗ ಹಸಕೊಂಡು ಹೋಗೋದು ಬ್ಯಾಡ, ಎರಡು ಬಾಳೆಹಣ್ಣು ಕೊಟ್ಟು ಕಳಿಸ್ರಿ. ಇದು ಆಫ್ ಹೆಂಗ್ ಮಾಡೋದು?’)

ಮಂಗಳವಾರ ಬೆಳಗ್ಗೆ 6:52:

ಪುಟ್ಟ: [ವಿಡಿಯೋ 0:14]

(ಎಡಗೈಲಿ ನಡ್ಕೊಂಡು ಬರ್ತಾನೆ, ಬಾಲ್ ಕಾಲಿಗೆ ಬಡಿಯುತ್ತೆ. ಮತ್ತೆ ತರ್ತಾನೆ, ರಿಂಗಿನ ಅಡಿಗೆ ಹೊಡೆದು ವಾಪಸ್ ಅವನ ತಲೆ ಮೇಲೆ. ಮೂರನೇದು ಬೋರ್ಡಿಗೇ ತಾಗ್ಲಿಲ್ಲ. ಹಿಂದೆ ಯಾರೋ ನಗ್ತಾರೆ, ಅದು ನಾನೇ.)

ದೊಡ್ಡಣ್ಣ: ಇದೇನಿದು 🤦 ಡಿಲೀಟ್ ಮಾಡೋ. ಸ್ಟೇಟಸ್‌ಗೆ ಹಾಕಬೇಡ

ಪುಟ್ಟ: ಆಗ್ಲೇ ಹಾಕ್ದೆ ದೊಡ್ಡಪ್ಪ