ಮನೆ ಬಳಕೆ ಪಿಕಪ್‌ಗೂ ಹಳದಿ ಬೋರ್ಡೇ ಬೇಕಾ?

ಮುಳಬಾಗಿಲು ತೋಟ:
ಎಲ್ಲರಿಗೂ ನಮಸ್ಕಾರ. ಮೂರೆಕರೆ ಟೊಮೆಟೊ, ಒಂದೆಕರೆ ಚೆಂಡು ಹೂ ಇದೆ. ಡಬಲ್ ಕ್ಯಾಬಿನ್ ಪಿಕಪ್ ತಗೊಳ್ಳೋಣ ಅಂತ ಶೋರೂಮಿಗೆ ಹೋಗಿದ್ದೆ. ಮುಂದೆ ಮನೆಯವರು ಕೂತ್ಕೊಳ್ಳಬಹುದು, ಹಿಂದೆ ಬಾಕ್ಸ್ ಜೋಡಿಸಿಕೊಂಡು ವಡ್ಡಹಳ್ಳಿಗೋ ಕೋಲಾರದ ಎಪಿಎಂಸಿಗೋ ಹೋಗಬಹುದು. ನಾನು ಯಾರಿಗೂ ಬಾಡಿಗೆ ಹೊಡೆಯೋನಲ್ಲ. ಆದರೂ ಕೊಟೇಶನ್‌ನಲ್ಲಿ ಗೂಡ್ಸ್ ವಾಹನ, ಹಳದಿ ಬೋರ್ಡ್ ಅಂತ ಬರೆದುಕೊಟ್ಟರು. ಬಿಳಿ ಬೋರ್ಡ್ ಮಾಡಿಕೊಡಿ ಅಂದರೆ "ಆಗಲ್ಲ ಸಾರ್" ಅಂದ್ರು. ಹೊರಗೆ ಟೀ ಅಂಗಡಿ ಹತ್ರ ಸಿಕ್ಕ ಬ್ರೋಕರ್ "ಆಗುತ್ತೆ, ಸ್ವಲ್ಪ ಖರ್ಚಾಗುತ್ತೆ" ಅಂದ. ಎರಡರಲ್ಲಿ ಯಾವುದು ನಿಜ? ಫೀಸಲ್ಲಿ ಎಷ್ಟು ವ್ಯತ್ಯಾಸ ಬರುತ್ತೆ? ನನ್ನ ತೋಟದ ಮಾಲು ನಾನು ಸಾಗಿಸೋಕೆ ಕಮರ್ಷಿಯಲ್ ಯಾಕಾಗಬೇಕು ಅನ್ನೋದೇ ನನಗೆ ಅರ್ಥ ಆಗ್ತಿಲ್ಲ.

ಹಳದಿ ಬೋರ್ಡ್ ಕೆಎ 07:
ಅಣ್ಣಾ, ಎಲ್ಲರೂ ಶುರುವಲ್ಲಿ ಹಿಂಗೇ ಹೇಳೋದು, ಬಾಡಿಗೆ ಹೊಡೆಯಲ್ಲ ಅಂತ. ಸೀಸನ್ ಬಂದಾಗ ಪಕ್ಕದ ತೋಟದವರು "ಹೆಂಗಿದ್ರೂ ಹೋಗ್ತಿದೀಯಲ್ಲ, ನಮ್ಮದೂ ಒಂದಿಪ್ಪತ್ತು ಬಾಕ್ಸ್ ಹಾಕ್ಕೋ, ಡೀಸೆಲ್ ಕಾಸು ಕೊಡ್ತೀನಿ" ಅಂತಾರೆ. ಅಲ್ಲಿಗೆ ಮುಗೀತು. ನಾವು ಎಫ್‌ಸಿ (ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಫಿಟ್‌ನೆಸ್ ಸರ್ಟಿಫಿಕೇಟು), ಟ್ಯಾಕ್ಸು, ಇನ್ಶೂರೆನ್ಸು ಎಲ್ಲಾ ಕಟ್ಟಿ ಸ್ಟ್ಯಾಂಡಲ್ಲಿ ಕಾಯ್ತಾ ಇರ್ತೀವಿ, ಬಿಳಿ ಬೋರ್ಡಿನವರು ಅರ್ಧ ರೇಟಿಗೆ ಲೋಡ್ ಎತ್ಕೊಂಡು ಹೋಗ್ತಾರೆ. ನಿಮ್ಮ ಮೇಲೆ ಕೋಪ ಇಲ್ಲ, ಆದ್ರೆ ಆ ಬ್ರೋಕರ್ ಮಾತು ಕೇಳಬೇಡಿ.

ನಂದಿ ತಪ್ಪಲು:
ಬಿಳಿ ಬೋರ್ಡ್ ಪಿಕಪ್ ಅಂತ ಒಂದು ಇದ್ದೇ ಇದೆ, ಅದನ್ನೂ ಹೇಳಿ. ನನ್ನ ಹತ್ರ ಇಸುಜು ವಿ-ಕ್ರಾಸ್ ಇದೆ, ಚಿಕ್ಕಬಳ್ಳಾಪುರದ ಕೆಎ 40 ನಂಬರು, ಪಕ್ಕಾ ಪ್ರೈವೇಟ್. ಟೊಯೋಟಾ ಹೈಲಕ್ಸ್ ಕೂಡ ಹಂಗೇ. ದ್ರಾಕ್ಷಿ ತೋಟಕ್ಕೆ ಗೊಬ್ಬರ, ಪೈಪು ಎಲ್ಲಾ ಅದರಲ್ಲೇ ತರೋದು. ಒಬ್ಬರೂ ಕೈ ಅಡ್ಡ ಹಾಕಿಲ್ಲ.

ಹಳದಿ ಬೋರ್ಡ್ ಕೆಎ 07:
ನಿಮ್ಮ ಗಾಡಿ ಬೆಲೆಗೆ ನಮ್ಮದು ಎರಡು ಬರುತ್ತೆ ಸಾರ್. ಅಡ್ಡ ಹಾಕೋ ಪೊಲೀಸಪ್ಪನೂ ಸಲ್ಯೂಟ್ ಹೊಡೆದು ಬಿಡ್ತಾನೆ. 🙂

ಚಿಂತಾಮಣಿ ಲೆಕ್ಕ:
ಬೋರ್ಡಿನ ಬಣ್ಣ ಮಾಲೀಕ ಆರಿಸಿಕೊಳ್ಳೋದಲ್ಲ, ಬ್ರೋಕರ್ ಕೊಡಿಸೋದೂ ಅಲ್ಲ. ಕಂಪನಿಯವರು ಆ ಮಾಡೆಲ್‌ಗೆ ಯಾವ ವರ್ಗದಲ್ಲಿ ಟೈಪ್ ಅಪ್ರೂವಲ್ (ಮಾಡೆಲ್‌ಗೆ ಸಿಗೋ ಸರ್ಕಾರಿ ಒಪ್ಪಿಗೆ) ತಗೊಂಡಿದಾರೋ ಅದರ ಪ್ರಕಾರ ರಿಜಿಸ್ಟ್ರೇಶನ್ ಆಗೋದು. ವಿ-ಕ್ರಾಸ್ ಪ್ರೈವೇಟ್ ಆಗುತ್ತೆ, ತೋಟದ ಸಾಹೇಬರು ನೋಡಿರೋ ಗಾಡಿ ಗೂಡ್ಸ್ ಆಗುತ್ತೆ. ಹೊರಗಿಂದ ನೋಡಿದ್ರೆ ಎರಡಕ್ಕೂ ನಾಲ್ಕು ಬಾಗಿಲು, ಹಿಂದೆ ಒಂದು ತೊಟ್ಟಿ, ಅಷ್ಟೇ. ಶೋರೂಮಿನವರು ಹೇಳಿದ್ದೇ ಸರಿ.

ಈಗ ದುಡ್ಡಿನ ವಿಷಯ. ಎಲ್ಲರೂ "ರಿಜಿಸ್ಟ್ರೇಶನ್ ಫೀಸು ಜಾಸ್ತಿ" ಅಂತ ಹೆದರ್ತಾರೆ. ಕೇಂದ್ರ ಮೋಟಾರು ವಾಹನ ನಿಯಮ 81ರ ಪಟ್ಟಿ ನೋಡಿ. ಲಘು ವಾಹನ ಪ್ರೈವೇಟ್ ಆದ್ರೆ 600 ರೂಪಾಯಿ, ಸಾರಿಗೆ ವಾಹನ ಆದ್ರೆ 1,000. ವ್ಯತ್ಯಾಸ 400 ರೂಪಾಯಿ, ಒಂದು ಸಲ. ಅಸಲಿ ಹೊಡೆತ ಟ್ಯಾಕ್ಸಲ್ಲಿ, ಅದೂ ಬಿಳಿ ಬೋರ್ಡಿನವರಿಗೆ. ಕರ್ನಾಟಕದಲ್ಲಿ ಪ್ರೈವೇಟ್ ಗಾಡಿಗೆ ಲೈಫ್ ಟ್ಯಾಕ್ಸ್ ಬೆಲೆ ಮೇಲೆ ಹಾಕೋದು. 10ರಿಂದ 20 ಲಕ್ಷದ ಒಳಗಿದ್ರೆ 17%, 20 ಲಕ್ಷ ದಾಟಿದ್ರೆ 18%, ಆ ಟ್ಯಾಕ್ಸಿನ ಮೇಲೆ ಮತ್ತೆ 11% ಸೆಸ್. 12 ಲಕ್ಷದ ಗಾಡಿ ಅಂದ್ಕೊಳ್ಳಿ, 2,04,000 ಟ್ಯಾಕ್ಸು, 22,440 ಸೆಸ್ಸು. ಗೂಡ್ಸ್ ಗಾಡಿಗೆ ಟ್ಯಾಕ್ಸ್ ಬೆಲೆ ಮೇಲಲ್ಲ, ಲೋಡ್ ಸಮೇತದ ತೂಕದ ಮೇಲೆ. ಚಿಕ್ಕ ಪಿಕಪ್‌ಗೆ ಅದು ಬಹಳ ಕಡಿಮೆ ಬೀಳುತ್ತೆ.

ನಂದಿ ತಪ್ಪಲು:
ಅದು ನನಗೆ ಚೆನ್ನಾಗಿ ಗೊತ್ತು. ಟ್ಯಾಕ್ಸ್ ಕಟ್ಟಿದ ದುಡ್ಡಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಟಾಟಾ ಏಸ್ ಬರ್ತಿತ್ತು. ಆದ್ರೆ ಒಂದು ಸಲ ಕಟ್ಟಿದ್ರೆ 15 ವರ್ಷ ಆರ್‌ಟಿಓ ಕಡೆ ತಲೆ ಹಾಕಂಗಿಲ್ಲ. ಹಳದಿ ಬೋರ್ಡಿನವರಿಗೆ ಎಫ್‌ಸಿ ಅನ್ನೋ ಶನಿ ಹೆಗಲೇರಿ ಕೂತಿರುತ್ತೆ.

ಅಂತರಗಂಗೆ:
ಎಫ್‌ಸಿಗೆ ಅಷ್ಟು ಹೆದರಬೇಕಾಗಿಲ್ಲ. ಹೊಸ ಗಾಡಿಗೆ ಎರಡು ವರ್ಷ ಇರುತ್ತೆ. ಆಮೇಲೆ ಎಂಟು ವರ್ಷ ತುಂಬೋವರೆಗೆ ಎರಡು ವರ್ಷಕ್ಕೊಮ್ಮೆ, ನಂತರ ವರ್ಷಕ್ಕೊಮ್ಮೆ. 2018ರ ಕೊನೆಯಲ್ಲಿ ಬದಲಾದ ನಿಯಮ ಇದು, ಮುಂಚೆ ಹೊಸದಕ್ಕೆ ಎರಡು ವರ್ಷ ಕಳೆದ ಮೇಲೆ ಪ್ರತಿ ವರ್ಷ ಓಡಾಡಬೇಕಿತ್ತು. ಮರೆತು ಬಿಟ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಅದು ನಿಧಾನವಾಗಿ ಕಚ್ಚುತ್ತೆ.

ಹಳದಿ ಬೋರ್ಡ್ ಕೆಎ 07:
ಸರ್ಕಾರಿ ಫೀಸು ಯಾವ ಲೆಕ್ಕ. ಎಫ್‌ಸಿಗೆ ಹೋಗೋಕೆ ಮುಂಚೆ ಆಗೋ ಖರ್ಚು ಕೇಳಿ. ಟೊಮೆಟೊ ಲೋಡ್ ಮಾಡೋ ಗಾಡಿ ತೊಟ್ಟಿ ನೋಡಿದೀರಾ? ಕೆಳಗಿನ ಬಾಕ್ಸಲ್ಲಿ ಹಣ್ಣು ಒಡೆದು ರಸ ಸೋರಿ, ಶೀಟಿನ ಜಾಯಿಂಟಲ್ಲಿ ನಿಂತು ತುಕ್ಕು ತಿಂದಿರುತ್ತೆ. ಅದನ್ನ ಕೆರೆದು, ವೆಲ್ಡಿಂಗ್ ಮಾಡಿಸಿ, ಪೇಂಟ್ ಹೊಡೆಸಬೇಕು. ಆಮೇಲೆ ರಿಫ್ಲೆಕ್ಟರ್ ಟೇಪು, ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಆರ್‌ಟಿಓ ಗೇಟ್ ಹತ್ರ ಒಬ್ಬ ಹುಡುಗ ಹಳೇ ಬನಿಯನ್ ತುಂಡಲ್ಲಿ ಸೀಮೆಎಣ್ಣೆ ಅದ್ದಿ ತೊಟ್ಟಿ ಒರೆಸಿ ಟೇಪ್ ಅಂಟಿಸ್ತಾನೆ. ಒರೆಸದೆ ಅಂಟಿಸಿದ್ರೆ ಇನ್‌ಸ್ಪೆಕ್ಟರ್ ಬರೋ ಹೊತ್ತಿಗೆ ಅರ್ಧ ಜೋತಾಡ್ತಿರುತ್ತೆ. ಸ್ಪೀಡ್ ಗವರ್ನರ್ 80ಕ್ಕೆ ಸೀಲ್ ಆಗಿರಬೇಕು. ಇಷ್ಟರಲ್ಲಿ ಒಂದಿನದ ಬಾಡಿಗೆ ಹೋಗಿರುತ್ತೆ.

ಮುಳಬಾಗಿಲು ತೋಟ:
ಇದೆಲ್ಲ ಸರಿ. ನನ್ನ ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ. ಬಾಡಿಗೆ ಹೊಡೆಯದೋನಿಗೆ ಕಮರ್ಷಿಯಲ್ ಯಾಕೆ? ಕೃಷಿ ಟ್ರ್ಯಾಕ್ಟರ್ ಸಾರಿಗೆ ವಾಹನ ಅಲ್ಲ ಅಂತ ನಿಯಮದಲ್ಲೇ ಬರೆದಿದಾರೆ. ಅದೇ ರೈತ ಅದೇ ಟೊಮೆಟೊನ ಪಿಕಪ್ಪಲ್ಲಿ ಹಾಕಿದ ತಕ್ಷಣ ವ್ಯಾಪಾರಿ ಆಗಿಬಿಟ್ನಾ? ನಮ್ಮೂರಿಂದ ಕೋಲಾರಕ್ಕೆ ಹೈವೇಲಿ ಟ್ರ್ಯಾಕ್ಟರ್ ತಗೊಂಡು ಹೋಗೋ ಕಾಲ ಹೋಯ್ತು ಸ್ವಾಮಿ. ಮಾರ್ಕೆಟ್ ಮುಟ್ಟೋ ಹೊತ್ತಿಗೆ ಹರಾಜು ಮುಗಿದಿರುತ್ತೆ.

ಚಿಂತಾಮಣಿ ಲೆಕ್ಕ:
ಕಾನೂನು ಬಾಡಿಗೆ ಕೇಳಲ್ಲ ಸಾರ್, ಸರಕು ಕೇಳುತ್ತೆ. 1988ರ ಮೋಟಾರು ವಾಹನ ಕಾಯ್ದೆ 2(14)ನೇ ಕಲಂ ಪ್ರಕಾರ ಸರಕು ಸಾಗಿಸೋಕೇ ಅಂತ ಕಟ್ಟಿದ ಗಾಡಿ ಗೂಡ್ಸ್ ಕ್ಯಾರೇಜ್. ಸರಕು ನಿಮ್ಮದಾ ಪಕ್ಕದ ಮನೆಯವರದ್ದಾ ಅನ್ನೋದು ಅಲ್ಲಿಲ್ಲ. ಇನ್ನೂ ಒಂದು ತಮಾಷೆ ಇದೆ. ಹಂಗೆ ಕಟ್ಟದಿರೋ ಗಾಡಿ ಕೂಡ, ಸರಕು ಸಾಗಿಸೋಕೆ ಬಳಸಿದಾಗ ಗೂಡ್ಸ್ ಕ್ಯಾರೇಜೇ. ಕಾರಲ್ಲಿ ಒಯ್ಯೋ ಸ್ವಂತ ಲಗೇಜಿಗೆ ಮಾತ್ರ ವಿನಾಯಿತಿ. ಅಂದ್ರೆ ನಂದಿ ತಪ್ಪಲು ಸಾಹೇಬರು ವಿ-ಕ್ರಾಸಲ್ಲಿ ದ್ರಾಕ್ಷಿ ಬಾಕ್ಸ್ ಹಾಕ್ಕೊಂಡು ಮಂಡಿಗೆ ಹೋದ ದಿನ ಅಕ್ಷರಶಃ ಓದಿದ್ರೆ ಅವರೂ ನಮ್ಮ ಕೆಎ 07 ಅಣ್ಣನ ಜೊತೆ ಲೈನಲ್ಲಿ ನಿಲ್ಲಬೇಕು.

ನಂದಿ ತಪ್ಪಲು:
ದ್ರಾಕ್ಷಿ ನಾನು ಸಾಗಿಸಲ್ಲ, ವ್ಯಾಪಾರಿ ತೋಟಕ್ಕೇ ಲಾರಿ ತರ್ತಾನೆ. ಗೊಬ್ಬರದ ಮೂಟೆ ಬಗ್ಗೆ ಮಾತಾಡೋದು ಬೇಡ.

ಬಂಗಾರಪೇಟೆ ಪಯಣ:
ಅಮೆರಿಕದಲ್ಲಿ ಮನೆಗೊಂದು ಪಿಕಪ್, ಯಾವ ತಂಟೆನೂ ಇಲ್ಲ ಅಂತ ಬರೆಯೋಣ ಅಂತಿದ್ದೆ. ಕ್ಯಾಲಿಫೋರ್ನಿಯಾದಲ್ಲಿರೋ ನಮ್ಮಣ್ಣನ್ನ ಕೇಳಿದ್ರೆ ಅಲ್ಲೂ ಪಿಕಪ್ ಅಂದ್ರೆ ಕಮರ್ಷಿಯಲ್ ಪ್ಲೇಟೇ ಅಂತೆ, ಆಫೀಸಿಗೆ ಹೋಗಿಬರೋಕೆ ಇಟ್ಕೊಂಡ್ರೂ ಅಷ್ಟೇ. ಗಾಡಿಯ ಖಾಲಿ ತೂಕದ ಮೇಲೆ ಬೇರೆ ಫೀಸು, ಪ್ರತಿ ವರ್ಷ. ಹಿಂದೆ ಪರ್ಮನೆಂಟಾಗಿ ಕ್ಯಾಂಪರ್ ಕೂರಿಸಿದ್ರೆ ಮಾತ್ರ ಬಿಡ್ತಾರೆ.

ಮುಳಬಾಗಿಲು ತೋಟ:
ಅಲ್ಲಿನವರೂ ಬೈಕೊಂಡೇ ಕಟ್ತಾರೆ ಅನ್ನಿ. ನಮಗೇನು ಬಂತು.

ಶಿಡ್ಲಘಟ್ಟ ರೇಷ್ಮೆ:
ನಮ್ಮನೇಲೂ ಗೂಡಿನ ಚೀಲ ಮಾರ್ಕೆಟ್ಟಿಗೆ ಹಾಕೋಕೆ ಸಿಂಗಲ್ ಕ್ಯಾಬಿನ್ ಪಿಕಪ್ ಇದೆ, ಹಳದಿ ಬೋರ್ಡು. ಓಡಿಸೋದು ನಾನೇ. ಲೈಸೆನ್ಸಿಗೆ ಬ್ಯಾಡ್ಜ್ (ಸಾರಿಗೆ ವಾಹನ ಓಡಿಸೋಕೆ ಪ್ರತ್ಯೇಕ ಅನುಮತಿ) ಬೇಕು ಅಂತ ಒಬ್ಬರು ಹೆದರಿಸಿದ್ರು, ಬೇಡ. 7,500 ಕೆ.ಜಿ. ಒಳಗಿನ ಗಾಡಿಗೆ ಎಲ್‌ಎಂವಿ, ಅಂದ್ರೆ ಲಘು ವಾಹನದ ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು, 2024ರ ನವೆಂಬರ್ 6ರಂದು ಸಂವಿಧಾನ ಪೀಠವೂ ಅದನ್ನೇ ಎತ್ತಿ ಹಿಡೀತು. ನನ್ನ ಪ್ರಶ್ನೆ ಬೇರೆ. ಮದುವೆ, ಜಾತ್ರೆ ಅಂದ್ರೆ ಹಿಂದೆ ಜಮಖಾನ ಹಾಸಿ ಎಲ್ಲರನ್ನೂ ಕೂರಿಸ್ಕೊಂಡು ಹೋಗ್ತೀವಿ. ಅದು ನಡೆಯುತ್ತಾ?

ಅಂತರಗಂಗೆ:
ದಯವಿಟ್ಟು ಬೇಡ ಅಕ್ಕ. ನಾನು ಇನ್ಶೂರೆನ್ಸ್ ಕೆಲಸದಲ್ಲಿರೋನು, ಈ ಥ್ರೆಡ್ಡಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ನಿಮ್ಮದೇ. ಗೂಡ್ಸ್ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡ ಜನಕ್ಕೆ ಏನಾದ್ರೂ ಆದ್ರೆ ಇನ್ಶೂರೆನ್ಸ್ ಕಂಪನಿ ಹೊಣೆ ಅಲ್ಲ ಅಂತ 2002ರಲ್ಲೇ ಆಶಾ ರಾಣಿ ಕೇಸಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಸರಕಿನ ಮಾಲೀಕ ಅಥವಾ ಅವನು ಕಳಿಸಿದ ಒಬ್ಬ ಪ್ರತಿನಿಧಿ ಜೊತೆಗಿದ್ರೆ ಕಾಯ್ದೆಯ 147ನೇ ಕಲಂ ಅವರನ್ನ ಒಳಗೆ ತಗೊಳ್ಳುತ್ತೆ. ಜಮಖಾನದ ಮೇಲೆ ಕೂತ ನೆಂಟರನ್ನ ತಗೊಳ್ಳಲ್ಲ. ಪರಿಹಾರದ ದುಡ್ಡು ಗಾಡಿ ಮಾಲೀಕರ ತಲೆ ಮೇಲೆ. ಹೊಲ ಮಾರಿದ್ರೂ ತೀರದಂಥ ಮೊತ್ತ ಆಗ್ಬಹುದು.

ತೋಟದ ಅಣ್ಣನಿಗೂ ಇದೇ ಮಾತು, ಉಲ್ಟಾ ಕಡೆಯಿಂದ. ಪ್ರೈವೇಟ್ ಪಾಲಿಸಿಯಲ್ಲಿ ಗಾಡಿ ಯಾವ ಬಳಕೆಗೆ ಅಂತ ಒಂದು ಸಾಲು ಇರುತ್ತೆ, ಯಾರೂ ಓದಲ್ಲ. ಬಾಡಿಗೆಗೆ, ಸರಕು ಸಾಗಣೆಗೆ ಬಳಸಂಗಿಲ್ಲ ಅಂತ ಅದರಲ್ಲಿರುತ್ತೆ. ಬಾಕ್ಸ್ ತುಂಬಿಕೊಂಡು ಹೋಗುವಾಗ ಗುದ್ದಿದ್ರೆ ಸರ್ವೇಯರ್ ತೆಗೆಯೋ ಮೊದಲ ಫೋಟೋನೇ ರಸ್ತೇಲಿ ಚೆಲ್ಲಿರೋ ಟೊಮೆಟೊದ್ದು.

ನಂದಿ ತಪ್ಪಲು:
ಪ್ರೀಮಿಯಂ ವ್ಯತ್ಯಾಸನೂ ಹೇಳ್ಬಿಡಿ ಹಂಗಾದ್ರೆ.

ಅಂತರಗಂಗೆ:
ಥರ್ಡ್ ಪಾರ್ಟಿ ಮಾತ್ರ ಹೇಳ್ತೀನಿ, ಅದು ಸರ್ಕಾರ ನಿಗದಿ ಮಾಡೋದು. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 1500 ಸಿಸಿ ಮೀರಿದ ಪ್ರೈವೇಟ್ ಕಾರಿಗೆ ವರ್ಷಕ್ಕೆ 7,897. ಒಟ್ಟು ತೂಕ 7,500 ಕೆ.ಜಿ. ಒಳಗಿನ ಗೂಡ್ಸ್ ಗಾಡಿಗೆ 16,049. ಎರಡಕ್ಕೂ ಜಿಎಸ್‌ಟಿ ಬೇರೆ. ವರ್ಷಕ್ಕೆ ಎಂಟು ಸಾವಿರ ಚಿಲ್ಲರೆ ಜಾಸ್ತಿ ಹಳದಿ ಬೋರ್ಡಿಗೆ.

ಚಿಂತಾಮಣಿ ಲೆಕ್ಕ:
15 ವರ್ಷಕ್ಕೆ ಗುಣಿಸಿದ್ರೂ ಲಕ್ಷದ ಇಪ್ಪತ್ತೆರಡು ಸಾವಿರ. ಮೇಲೆ ಹೇಳಿದ 2,26,440ರ ಪಕ್ಕ ಇಟ್ಟು ನೋಡಿ. ಹಳದಿ ಬೋರ್ಡ್ ದುಬಾರಿ ಅನ್ನೋ ಮಾತು ಅಷ್ಟು ಸುಲಭಕ್ಕೆ ನಿಲ್ಲಲ್ಲ. ಗಾಡಿ ಬೆಲೆಯಲ್ಲೂ ಇಳಿದಿದೆ. ಸರಕು ವಾಹನಕ್ಕೆ ಜಿಎಸ್‌ಟಿ 28% ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18% ಆಯ್ತು. ನಿಮ್ಮ ಕೊಟೇಶನ್ನಲ್ಲಿ ಅದು ಬಂದಿದೆಯಾ ನೋಡ್ಕೊಳ್ಳಿ.

ಆದ್ರೆ "ಕಮರ್ಷಿಯಲ್ ಆದ್ರೆ ಇನ್‌ಕಂ ಟ್ಯಾಕ್ಸಲ್ಲಿ ಲಾಭ" ಅಂತ ಶೋರೂಮಲ್ಲಿ ಹೇಳಿದ್ರೆ ತಲೆ ಆಡಿಸಬೇಡಿ. ಗಾಡಿಗೆ ತಿಂಗಳಿಗೆ 7,500ರಂತೆ ಅಂದಾಜು ಆದಾಯ ತೋರಿಸೋ ಅನುಕೂಲ, ಸವಕಳಿ 30% ಹಾಕೋದು, ಎಲ್ಲಾ ಬಾಡಿಗೆಗೆ ಓಡಿಸೋರಿಗೆ. ಕೃಷಿ ಆದಾಯಕ್ಕೆ ಟ್ಯಾಕ್ಸೇ ಇಲ್ಲ, ಕಳೆಯೋದು ಎಲ್ಲಿಂದ? ಜಿಎಸ್‌ಟಿ ನಂಬರ್ ಇಲ್ಲದ ರೈತನಿಗೆ ಇನ್‌ಪುಟ್ ಕ್ರೆಡಿಟ್ಟೂ, ಅಂದ್ರೆ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿ ಕಳೆದುಕೊಳ್ಳೋ ಅವಕಾಶವೂ ಇಲ್ಲ.

ಹಳದಿ ಬೋರ್ಡ್ ಕೆಎ 07:
ಟೋಲ್ ಮರೆತ್ರಿ. 3,000 ಕೊಟ್ರೆ 200 ಟ್ರಿಪ್ ಅಂತ 2025ರ ಆಗಸ್ಟ್ 15ಕ್ಕೆ ವಾರ್ಷಿಕ ಪಾಸ್ ಬಂತಲ್ಲ, ಅದು ಪ್ರೈವೇಟ್ ಕಾರು ಜೀಪಿಗೆ ಮಾತ್ರ. ನಮಗೆ ಮೂರು ನಾಮ. ನಂಗಲಿ ದಾಟಿ ಆಂಧ್ರಕ್ಕೆ ಮಾಲು ಹೊಡೆಯೋದಿದ್ರೆ ಪರ್ಮಿಟ್ಟಿನ ಕಥೆ ಬೇರೆ.

ಚಿಂತಾಮಣಿ ಲೆಕ್ಕ:
ಪರ್ಮಿಟ್ ಬಗ್ಗೆ ಇದನ್ನ ಗುರುತು ಹಾಕಿಕೊಳ್ಳಿ. ಕಾಯ್ದೆಯ 66(3)ರಲ್ಲಿ ಒಟ್ಟು ತೂಕ, ಅಂದ್ರೆ ಜಿವಿಡಬ್ಲ್ಯೂ, 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ಟೇ ಬೇಡ. ಒಂದೇ ಹೆಸರಿನ ಪಿಕಪ್ಪಲ್ಲಿ ಒಂದು ವೇರಿಯಂಟ್ ಗೆರೆ ಒಳಗೆ, ಇನ್ನೊಂದು ಗೆರೆ ಆಚೆ ಇರಬಹುದು. ಶೋರೂಮಿನವರು "ಇನ್ನೂ ಮುನ್ನೂರು ಕೆ.ಜಿ. ಜಾಸ್ತಿ ಹಾಕಬಹುದು" ಅಂತ ದೊಡ್ಡದನ್ನ ತೋರಿಸ್ತಾರೆ. ಗೆರೆ ದಾಟಿದ ದಿನದಿಂದ ಪರ್ಮಿಟ್ ಮಾಡಿಸಬೇಕು, ಇಲ್ಲದೆ ಸಿಕ್ಕಿಬಿದ್ರೆ 192ಎ ಕಲಂ, 2019ರ ತಿದ್ದುಪಡಿಯಲ್ಲಿ ದಂಡ 10,000. ಹಂಗಂತ ಚಿಕ್ಕ ಗಾಡಿಗೆ ಓವರ್‌ಲೋಡ್ ಮಾಡಿದ್ರೆ 194ನೇ ಕಲಂ ಕಾಯ್ತಿರುತ್ತೆ, ಕಾಯ್ದೆ ಪ್ರಕಾರ 20,000, ಜೊತೆಗೆ ಹೆಚ್ಚಿನ ಪ್ರತಿ ಟನ್‌ಗೆ 2,000.

ಮುಳಬಾಗಿಲು ತೋಟ:
ಇದು ಉಪಯೋಗದ ಮಾತು. ನಮ್ಮದು 15 ಕೆ.ಜಿ. ಬಾಕ್ಸು, ದಿನ ಬಿಟ್ಟು ದಿನ ಕೀಳೋದು. ಅರವತ್ತು ಎಪ್ಪತ್ತು ಬಾಕ್ಸ್ ಅಂದ್ರೆ ಒಂದು ಟನ್ ಸುತ್ತಮುತ್ತ. ಡಬಲ್ ಕ್ಯಾಬಿನ್ನಲ್ಲಿ ತೊಟ್ಟಿ ಚಿಕ್ಕದು, ಅಷ್ಟು ಹಿಡಿಯುತ್ತೋ ಇಲ್ವೋ. ಸಿಂಗಲ್ ಕ್ಯಾಬಿನ್ ತಗೊಂಡ್ರೆ ಮನೆಯವರು ಎಲ್ಲಿ ಕೂತ್ಕೋಬೇಕು.

ಶಿಡ್ಲಘಟ್ಟ ರೇಷ್ಮೆ:
ಮನೆಯವರಿಗೆ ಹಳೇ ಮಾರುತಿ ಒಂದು ತಗೊಳ್ಳಿ ಅಣ್ಣ. ಒಂದೇ ಗಾಡಿಯಲ್ಲಿ ಅತ್ತೆನೂ ಟೊಮೆಟೊನೂ ಬೇಡ. ಅಂತರಗಂಗೆಯವರು ಹೇಳಿದ್ದು ಓದಿ ನಾನು ಜಮಖಾನ ಒಳಗಿಟ್ಟೆ.

ಮುಳಬಾಗಿಲು ತೋಟ:
ರೈತನ ಸ್ವಂತ ಮಾಲಿನ ಪಿಕಪ್ಪಿಗೆ ಟ್ರ್ಯಾಕ್ಟರ್ ಥರ ಬೇರೆ ವರ್ಗ ಇರಬೇಕು ಅನ್ನೋ ಮಾತು ನಾನು ಬಿಡಲ್ಲ, ಅದು ದೆಹಲಿಯಲ್ಲಿ ಆಗಬೇಕಾದ ಕೆಲಸ. ಸದ್ಯಕ್ಕೆ ಬ್ರೋಕರ್‌ನ ಬಿಟ್ಟೆ. ಸಿಂಗಲ್ ಕ್ಯಾಬಿನ್, ಜಿವಿಡಬ್ಲ್ಯೂ ಮೂರು ಟನ್ ಒಳಗೆ, ಹಳದಿ ಬೋರ್ಡು. ಕೆಎ 07 ಅಣ್ಣಾ, ಈಗಂತೂ ಪಕ್ಕದ ತೋಟದವರ ಬಾಕ್ಸು ಧೈರ್ಯವಾಗಿ ಹಾಕ್ಕೋಬಹುದು ಅಲ್ವಾ?

ಹಳದಿ ಬೋರ್ಡ್ ಕೆಎ 07:
ಹಾಕ್ಕೊಳ್ಳಿ ಅಣ್ಣಾ, ಇನ್ನು ಕೇಳೋ ಹಾಗಿಲ್ಲ. ರೇಟ್ ಮಾತ್ರ ಸ್ಟ್ಯಾಂಡಿನವರು ಹೇಳಿದ್ದೇ ತಗೊಳ್ಳಿ, ಡೀಸೆಲ್ ಕಾಸಿಗೆಲ್ಲ ಹೋಗ್ಬೇಡಿ.